ಮೆಲುದನಿಗೊಂದು ಏಣಿ

ಕಿವಿಯಿದ್ದೂ ಕೇಳದವರು ಲೋಕದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಮದುವೆಮನೆಯಲ್ಲಿ ಹೋಳಿಗೆ ಬಡಿಸುವವರಿಗೆ ‘ಸಾಕು’ ಎಂಬ ಮಾತು ಕೇಳುವುದಿಲ್ಲ; ತುಂಬಿದ ಬಸ್ಸಿನ ಡ್ರೈವರಿಗೆ ‘ನಿಲ್ಲಿಸಿ’ ಎಂಬ ಮಾತು ಕೇಳುವುದಿಲ್ಲ; ಕಚೇರಿಯ ಮೇಲಧಿಕಾರಿಗಳಿಗೆ ರಜೆಯ ಮಾತು ಎಂದೂ ಕೇಳಿದ್ದಿಲ್ಲ. ಇವರೆಲ್ಲ ಮನುಷ್ಯರು, ಕೇಳದಿರುವುದಕ್ಕೆ ಇವರಿಗೆ ತಕ್ಕ ಕಾರಣಗಳಿರುತ್ತವೆ. ಆದರೆ ಕೇಳಿ ನೆನಪಿಟ್ಟುಕೊಳ್ಳುವುದಕ್ಕೆಂದೇ ಹುಟ್ಟಿದ ಯಂತ್ರವೊಂದು ಮನುಷ್ಯನ ದನಿಗೆ ಕಿವುಡಾಗಿರಬಹುದೆಂದು 2004ರವರೆಗೆ ನನಗೆ ತಿಳಿದಿರಲಿಲ್ಲ.

ಆ ವರ್ಷ ನನ್ನ ಅಕ್ಕನ ಮಗ ಒಂದು ಮಿನಿಡಿಸ್ಕ್ ರೆಕಾರ್ಡರನ್ನು ಕೊಂಡು ತಂದಿದ್ದ. ಮಿನಿಡಿಸ್ಕ್ ಎಂಬುದು 1992ರಲ್ಲಿ ಸೋನಿ ಕಂಪೆನಿಯವರು ಬಳಕೆಗೆ ತಂದ ಪುಟ್ಟ ತಟ್ಟೆ. ಬೆಂಕಿಪೆಟ್ಟಿಗೆಗಿಂತ ತುಸು ಅಗಲವಾದ ಕವಚದೊಳಗೆ ಕುಳಿತು 74 ನಿಮಿಷದ ಸಂಗೀತವನ್ನು ಹಿಡಿದಿಡುತ್ತಿತ್ತು. ಅದನ್ನು ನುಡಿಸುವ ಯಂತ್ರಗಳನ್ನು ಹಲವು ಕಂಪೆನಿಗಳು ಮಾಡಿದವು. ನಮ್ಮ ಹುಡುಗನದು ಅಂಗೈಯಲ್ಲಿ ಅಡಗುವಂಥದು. ಸಿ.ಡಿ.ಗಳಿಂದ ಹಾಡುಗಳನ್ನು ನಕಲು ಮಾಡಿಕೊಂಡು, ಕಾಲೇಜಿಗೆ ಹೋಗುವಾಗ ಕಿವಿಗೆ ಸಿಕ್ಕಿಸಿಕೊಳ್ಳುವುದು ಅವನ ಉದ್ದೇಶ.

ಅದೇ ಬೇಸಿಗೆಯಲ್ಲಿ ತೀರ್ಥಹಳ್ಳಿಯ ಕಡೆಯಿಂದ ನನ್ನ ಸೋದರತ್ತೆ ಕಣ್ಣಿನ ಪೊರೆ ತೆಗೆಸುವುದಕ್ಕೆಂದು ಬೆಂಗಳೂರಿಗೆ ಬಂದರು. ವಯಸ್ಸು 82. ಹಸೆಗೆ ಕರೆಯುವ ಹಾಡು, ಎಣ್ಣೆ ಅರಿಶಿನದ ಹಾಡು, ಆರತಿಯ ಹಾಡು, ಬೀಗರನ್ನು ಹಾಸ್ಯಮಾಡುವ ಹಾಡು ಎಲ್ಲವೂ ಅವರಿಗೆ ಬರುತ್ತಿದ್ದುವು. ಯಾವುದನ್ನೂ ಬರೆದಿಟ್ಟವರಲ್ಲ. ಊರಿನಲ್ಲಿ ಅವರೊಡನೆ ದನಿಗೂಡಿಸುತ್ತಿದ್ದ ಇಬ್ಬರೂ ಆಗಲೇ ತೀರಿಕೊಂಡಿದ್ದರು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಸುಮ್ಮನೆ ಕುಳಿತಿರಲಾರದೆ ಒಂದು ಮಧ್ಯಾಹ್ನ ಅವರು ತಮ್ಮಷ್ಟಕ್ಕೆ ಗುನುಗುತ್ತಿದ್ದುದನ್ನು ಹುಡುಗ ಕೇಳಿಸಿಕೊಂಡ. ಅವನಿಗೆ ಏನನ್ನಿಸಿತೋ, ಸಂಜೆಯೊಳಗೆ ಎಲ್ಲಿಂದಲೋ ಒಂದು ಮೈಕು ತಂದ.

ಯಂತ್ರದಲ್ಲಿದ್ದುದು ಎರಡೇ ತೂತು. ಒಂದು ಕಿವಿಗೆ ಸಿಕ್ಕಿಸುವ ಹೆಡ್‌ಫೋನಿಗೆ. ಇನ್ನೊಂದರ ಪಕ್ಕದಲ್ಲಿ ‘ಲೈನ್ ಇನ್’ ಎಂದು ಬರೆದಿತ್ತು. ಮೈಕಿಗೆಂದು ಬೇರೆ ಬಾಗಿಲಿರಲಿಲ್ಲ. ಆದರೂ ಮೈಕಿನ ಪ್ಲಗ್ಗು ಆ ಎರಡನೆಯ ತೂತಿನಲ್ಲಿ ಗಂಟಲಿಗೆ ತುತ್ತು ಇಳಿದ ಹಾಗೆ ಸಲೀಸಾಗಿ ಇಳಿಯಿತು. ಅತ್ತೆ ಎರಡು ಹಾಡು ಹೇಳಿದರು. ತಿರುಗಿ ಹಾಕಿದರೆ ಮೌನ. ಹುಡುಗ ಶಬ್ದವನ್ನು ಪೂರ್ತಿ ಏರಿಸಿ ಹೆಡ್‌ಫೋನನ್ನು ಅತ್ತೆಯ ಕಿವಿಗೆ ಇಟ್ಟ. ಅವರು ಸ್ವಲ್ಪ ಹೊತ್ತು ಆಲಿಸಿ, “ಇದೆಂಥದು ಮಗು, ನನ್ನ ಹಾಡು ಎಲ್ಲಿ ಹೋಯ್ತು? ಮಳೆ ಹೊಯ್ಯೋ ಸದ್ದು ಮಾತ್ರ ಕೇಳ್ತದೆ” ಎಂದರು.

ನಮ್ಮ ಬೀದಿಯ ಕೊನೆಯಲ್ಲಿ ರೇಡಿಯೋ ರಿಪೇರಿ ಮಾಡುವ ಹಿರಿಯರೊಬ್ಬರಿದ್ದರು. ನಾವಿಬ್ಬರೂ ಅವರಲ್ಲಿಗೆ ಹೋದೆವು. ಅವರು ಯಂತ್ರವನ್ನು ತಿರುಗಿಸಿ ನೋಡಿ ನಕ್ಕರು. “ಪ್ಲಗ್ಗು ಹೊಂದಿತು ಅಂದ ಮಾತ್ರಕ್ಕೆ ಜಾತಕ ಹೊಂದಿತು ಅಂತಲ್ಲ ಸ್ವಾಮಿ. ಈ ಬಾಗಿಲು ಇನ್ನೊಂದು ಯಂತ್ರಕ್ಕೆ ಮಾಡಿದ್ದು, ಮನುಷ್ಯರಿಗಲ್ಲ.”

ಅವರು ಹೇಳಿದ್ದರ ಸಾರಾಂಶ ಇಷ್ಟು. ನಮ್ಮ ಮೈಕಿನೊಳಗೆ ತೆಳುವಾದ ಒಂದು ಪೊರೆ, ಅದಕ್ಕೆ ಅಂಟಿದ ತಂತಿಯ ಸುರುಳಿ, ಅದರ ಸುತ್ತ ಅಯಸ್ಕಾಂತ. ದನಿ ತಾಗಿದಾಗ ಪೊರೆ ನಡುಗುತ್ತದೆ, ಸುರುಳಿ ಅಲುಗುತ್ತದೆ, ವಿದ್ಯುತ್ತು ಹುಟ್ಟುತ್ತದೆ. ಹುಟ್ಟುವುದಾದರೂ ಎಷ್ಟು? ಹತ್ತಿರ ಕುಳಿತು ಮಾತನಾಡಿದರೆ ಒಂದೆರಡು ಮಿಲಿವೋಲ್ಟು, ಅಂದರೆ ವೋಲ್ಟಿನ ಸಾವಿರದಲ್ಲಿ ಒಂದೆರಡು ಪಾಲು. ದೂರ ಕುಳಿತರೆ ಅದೂ ಇಲ್ಲ. ದೂರ ಎರಡು ಪಟ್ಟಾದರೆ ಮೈಕಿಗೆ ಮುಟ್ಟುವ ಒತ್ತಡ ಅರ್ಧಕ್ಕೆ ಇಳಿಯುತ್ತದೆ. ಆದರೆ ‘ಲೈನ್’ ಎಂಬ ಬಾಗಿಲು ನಿರೀಕ್ಷಿಸುವುದು ಸುಮಾರು 0.3 ವೋಲ್ಟನ್ನು. ಸಿ.ಡಿ. ಯಂತ್ರವೋ ರೇಡಿಯೋವೋ ಆದರೆ ಅಷ್ಟನ್ನು ಧಾರಾಳವಾಗಿ ಕೊಡುತ್ತವೆ. ಮನುಷ್ಯನ ದನಿ ಆ ಹೊಸ್ತಿಲನ್ನು ದಾಟಬೇಕಾದರೆ ಅದನ್ನು ನೂರರಿಂದ ಸಾವಿರ ಪಟ್ಟು ಎತ್ತಬೇಕು. ಕಸುಬಿನವರ ಲೆಕ್ಕದಲ್ಲಿ ನೂರು ಪಟ್ಟಿಗೆ 40 ಡೆಸಿಬೆಲ್, ಸಾವಿರ ಪಟ್ಟಿಗೆ 60. ಮೈಕಿನ ಬಾಗಿಲಿರುವ ಯಂತ್ರಗಳಲ್ಲಿ ಈ ಎತ್ತುವ ಕೆಲಸವನ್ನು ಬಾಗಿಲ ಹಿಂದೆಯೇ ಕುಳಿತ ಪ್ರೀಆಂಪ್ಲಿಫೈಯರ್ ಮಾಡುತ್ತದೆ. ನಮ್ಮದರಲ್ಲಿ ಅದು ಇರಲಿಲ್ಲ.

“ಹಾಗಾದರೆ ಮೊದಲು ಸಣ್ಣದಾಗಿಯೇ ತುಂಬಿಕೊಂಡು, ಆಮೇಲೆ ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿದರಾಗದೆ?” ಎಂದು ಹುಡುಗ ಕೇಳಿದ.

“ಅಜ್ಜಿ ಕೇಳಿದ ಮಳೆ ಅದೇ ಅಲ್ಲವೇನಪ್ಪಾ?” ಎಂದರು ಅವರು. ಪ್ರತಿಯೊಂದು ಯಂತ್ರಕ್ಕೂ ತನ್ನದೇ ಆದ ಒಂದು ಉಸಿರಾಟದ ಸದ್ದು ಇರುತ್ತದಂತೆ. ದೊಡ್ಡ ದನಿಯ ಮುಂದೆ ಅದು ಕೇಳಿಸುವುದಿಲ್ಲ. ಎತ್ತದೆ ಕಳಿಸಿದ ಸಣ್ಣ ದನಿ ಆ ಉಸಿರಿನ ಜೊತೆಗೆ ಬೆರೆತುಹೋಗುತ್ತದೆ. ಒಮ್ಮೆ ಬೆರೆತ ಮೇಲೆ ನೂರು ಪಟ್ಟು ಹಿಗ್ಗಿಸಿದರೆ ಹಾಡೂ ನೂರು ಪಟ್ಟು, ಮಳೆಯೂ ನೂರು ಪಟ್ಟು. ಹಾಲಿಗೆ ನೀರು ಬೆರೆತ ಮೇಲೆ ಪಾತ್ರೆ ದೊಡ್ಡದು ಮಾಡಿದರೆ ಗಟ್ಟಿಹಾಲು ಆಗುತ್ತದೆಯೇ? ಎತ್ತುವುದಾದರೆ ಮೊದಲ ಹೆಜ್ಜೆಯಲ್ಲಿಯೇ ಎತ್ತಬೇಕು.

ಅವರು ಹೇಳಿದ ಇನ್ನೊಂದು ಮಾತು ನನ್ನನ್ನು ಬಹಳ ದಿನ ಕಾಡಿತು. ಬ್ಯಾಟರಿಯಿಂದ ನಡೆಯುವ ಸಣ್ಣ ಕಾಲರ್ ಮೈಕುಗಳನ್ನು ಇಂಥ ಯಂತ್ರದ ಲೈನಿಗೇ ನೇರವಾಗಿ ಸಿಕ್ಕಿಸಿ, ಅಬ್ಬರದ ಸಂಗೀತವನ್ನು ಚೆನ್ನಾಗಿಯೇ ಮುದ್ರಿಸಿಕೊಳ್ಳುವವರು ಇದ್ದಾರಂತೆ. ಡೊಳ್ಳಿನ ಮುಂದೆ, ದೊಡ್ಡ ಸ್ಪೀಕರಿನ ಮುಂದೆ ಮೈಕು ಹಿಡಿದರೆ ಹುಟ್ಟುವ ವಿದ್ಯುತ್ತೇ ಸಾಕಷ್ಟಿರುತ್ತದೆ. ನಡುವೆ ಯಾರ ಸಹಾಯವೂ ಬೇಕಿಲ್ಲ. ಎಂದರೆ, ಗಟ್ಟಿಯಾಗಿ ಕೂಗುವವರಿಗೆ ಆ ಬಾಗಿಲು ತೆರೆದೇ ಇತ್ತು. ಮುಚ್ಚಿದ್ದುದು ನಮ್ಮ ಅತ್ತೆಗೆ.

ಧ್ವನಿಮುದ್ರಣದ ಚರಿತ್ರೆಯನ್ನು ನೋಡಿದರೆ ಇದು ಹೊಸ ಸಂಗತಿಯೇನಲ್ಲ. 1902ರ ನವೆಂಬರಿನಲ್ಲಿ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಗೌಹರ್ ಜಾನರ ಹಾಡುಗಾರಿಕೆಯನ್ನು ಮುದ್ರಿಸಿಕೊಂಡಾಗ ಮೈಕೇ ಇರಲಿಲ್ಲ. ದೊಡ್ಡದೊಂದು ಕಹಳೆಯ ಬಾಯಿಗೆ ಮುಖವೊಡ್ಡಿ ಹಾಡಬೇಕು. ದನಿಯ ಬಲದಿಂದಲೇ ಸೂಜಿ ಅಲುಗಿ ಮೇಣದಲ್ಲಿ ಗೆರೆ ಕೊರೆಯಬೇಕು. ಗಂಟಲಿದ್ದವರಷ್ಟೆ ಗೆದ್ದರು. 1925ರಲ್ಲಿ ಮೈಕೂ ವಿದ್ಯುತ್ತಿನಿಂದ ದನಿಯನ್ನು ಹಿಗ್ಗಿಸುವ ಉಪಾಯವೂ ಮುದ್ರಣಕ್ಕೆ ಬಂದ ಮೇಲೆ, ಕಿವಿಯ ಹತ್ತಿರ ಬಂದು ಹೇಳಿದಂತೆ ಹಾಡುವವರಿಗೂ ತಟ್ಟೆಯ ಮೇಲೆ ಜಾಗ ಸಿಕ್ಕಿತು. ಅದಕ್ಕೆ ಮೊದಲು ಹೀಗೆ ಮೆಲ್ಲನೆ ಹಾಡುವವರು ಇರಲಿಲ್ಲವೆಂದಲ್ಲ. ಅವರ ಗುರುತು ಉಳಿಯಲಿಲ್ಲ, ಅಷ್ಟೆ.

ನಮ್ಮ ಅತ್ತೆಯದು ಅಡುಗೆಮನೆಯ ದನಿ. ಪಡಸಾಲೆಯಲ್ಲಿ ಕುಳಿತ ಗಂಡಸರಿಗೆ ಕೇಳಿಸಬಾರದು ಎಂಬ ಕಟ್ಟುಪಾಡಿನಲ್ಲಿ ಬೆಳೆದ ದನಿ. ಮದುವೆಯ ದಿನ ಮಾತ್ರ ಅದಕ್ಕೆ ಹೊರಗೆ ಬರಲು ಅಪ್ಪಣೆ, ಅಲ್ಲಿಯೂ ವಾಲಗದ ಸಡಗರದಲ್ಲಿ ಯಾರಿಗೂ ಸರಿಯಾಗಿ ಕೇಳಿಸುತ್ತಿರಲಿಲ್ಲ. ಇಂಥವರಿಗೆ “ಸ್ವಲ್ಪ ಗಟ್ಟಿಯಾಗಿ ಹೇಳಿ” ಎನ್ನುವುದು ಸುಲಭ. ಹುಡುಗ ಹಾಗೆ ಹೇಳಿಯೂ ನೋಡಿದ್ದ. ಗಟ್ಟಿಯಾಗಿ ಹಾಡಿದಾಗ ಅದು ಬೇರೆ ಯಾರದೋ ಹಾಡಾಯಿತು, ತಿರುವುಗಳೆಲ್ಲ ಒರಟಾದುವು. ಎಂಬತ್ತು ವರ್ಷದ ಗಂಟಲನ್ನು ಯಂತ್ರಕ್ಕೆ ತಕ್ಕಂತೆ ತಿದ್ದುವುದು ನ್ಯಾಯವಲ್ಲ. ಯಂತ್ರಕ್ಕೆ ಏಣಿ ಹಾಕಿಕೊಡುವುದೇ ನ್ಯಾಯ.

ಆ ಏಣಿಯನ್ನು ರಿಪೇರಿಯ ಹಿರಿಯರೇ ಕೊಟ್ಟರು. ಸೋಪಿನ ಡಬ್ಬಿಯಷ್ಟು ದೊಡ್ಡದೊಂದು ತಗಡಿನ ಪೆಟ್ಟಿಗೆ, ಒಳಗೆ 9 ವೋಲ್ಟಿನ ಬ್ಯಾಟರಿ, ಮೇಲೆ ಒಂದು ತಿರುಪು. ಮೈಕಿನ ತಂತಿ ಅದರೊಳಕ್ಕೆ, ಅದರ ತಂತಿ ಯಂತ್ರದೊಳಕ್ಕೆ. ಮೈಕನ್ನು ಅತ್ತೆಯ ಬಾಯಿಂದ ಒಂದು ಗೇಣು ದೂರದಲ್ಲಿ, ಉಸಿರು ನೇರವಾಗಿ ಬಡಿಯದಂತೆ ಓರೆಯಾಗಿ, ಪುಸ್ತಕಗಳ ಮೇಲೆ ನಿಲ್ಲಿಸಿದೆವು. ಫ್ಯಾನು ಆರಿಸಿದೆವು. ಒಂದು ವಾರದಲ್ಲಿ 31 ಹಾಡುಗಳು ತಟ್ಟೆ ಸೇರಿದುವು.

ಇಂಥ ಕೆಲಸದ ಬೆಲೆ ಅಂದಂದಿಗೆ ತಿಳಿಯುವುದಿಲ್ಲ. ಡಚ್ ವಿದ್ವಾಂಸ ಆರ್ನಾಲ್ಡ್ ಬಾಕೆ ಎಂಬವರು 1938ರಲ್ಲಿ ಕನ್ನಡ ನಾಡೂ ಸೇರಿದಂತೆ ದಕ್ಷಿಣ ಭಾರತದಲ್ಲಿ ಸುತ್ತಿ ಜನರ ಹಾಡುಗಳನ್ನು ಮುದ್ರಿಸಿಕೊಂಡಿದ್ದರು. 1984ರಲ್ಲಿ ನಜೀರ್ ಜೈರಾಜ್‌ಭಾಯ್ ಮತ್ತು ಏಮಿ ಕ್ಯಾಟ್ಲಿನ್ ದಂಪತಿಗಳು ಅದೇ ಜಾಡು ಹಿಡಿದು ಮತ್ತೆ ಬಂದರು, ಯಾವುದು ಉಳಿದಿದೆ ಯಾವುದು ಬದಲಾಗಿದೆ ಎಂದು ನೋಡುವುದಕ್ಕೆ. ಮೊದಲಿನವರು ಹಿಡಿದಿಟ್ಟಿದ್ದರಿಂದಲೇ ನಲವತ್ತಾರು ವರ್ಷದ ಮೇಲೆ ಹೋಲಿಸಿ ನೋಡುವುದು ಸಾಧ್ಯವಾಯಿತು.

ಅತ್ತೆ 2009ರಲ್ಲಿ ತೀರಿಕೊಂಡರು. ಮಿನಿಡಿಸ್ಕಿನ ಆಯುಸ್ಸೂ ಬಹಳವಾಗಲಿಲ್ಲ. 2025ರ ಫೆಬ್ರವರಿಯಲ್ಲಿ ಸೋನಿಯವರು ಖಾಲಿ ತಟ್ಟೆ ಮಾಡುವುದನ್ನೂ ನಿಲ್ಲಿಸಿದರು. ಅಷ್ಟರಲ್ಲಿ ಹುಡುಗ ಹಾಡುಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಿಟ್ಟಿದ್ದ. ಅಲ್ಲಿ ಯಂತ್ರದಿಂದ ಯಂತ್ರಕ್ಕೆ ಮಾತು, ಆದ್ದರಿಂದ ಏಣಿಯ ತಂಟೆಯೇ ಇರಲಿಲ್ಲ. ಈಗಂತೂ ಪ್ರತಿಯೊಬ್ಬರ ಜೇಬಿನ ಫೋನಿನಲ್ಲಿಯೂ ಮೈಕಿದೆ, ಅದನ್ನು ಎತ್ತುವ ಏಣಿಯೂ ಒಳಗೇ ಇದೆ. ಯಾವ ಪೆಟ್ಟಿಗೆಯನ್ನೂ ಹುಡುಕಿಕೊಂಡು ಹೋಗಬೇಕಾಗಿಲ್ಲ. ಅಜ್ಜಿಯ ಮುಂದೆ ಗೇಣು ದೂರದಲ್ಲಿ ಕುಳಿತು “ಒಂದು ಹಾಡು ಹೇಳಿ” ಎನ್ನುವವರು ಮಾತ್ರ ಬೇಕು.

ಆ ಮುದ್ರಣದಲ್ಲಿ ಹಾಡುಗಳಿಗಿಂತ ನನಗೆ ಪ್ರಿಯವಾದದ್ದು ಹಾಡುಗಳ ನಡುವಿನ ಬಿಡುವು. ಪ್ರತಿಯೊಂದು ಹಾಡು ಮುಗಿದ ಮೇಲೂ ಅತ್ತೆ ಅಷ್ಟೇ ಮೆಲ್ಲಗೆ, ನಂಬಿಕೆಯಿಲ್ಲದವರ ಹಾಗೆ ಕೇಳುತ್ತಾರೆ: “ಕೇಳ್ತದಾ?”

ಹುಡುಗ ಹೇಳುತ್ತಾನೆ: “ಕೇಳ್ತಾ ಇದೆ ಅಜ್ಜಿ. ಇನ್ನೊಂದು ಹೇಳಿ.”