ಗೋಕುಲ ರಸ್ತೆಯ ಎರಡನೇ ಕೆಲಸ

ಗುರುವಾರ ಮಧ್ಯಾಹ್ನ ಪುಣೆಯಲ್ಲಿ ವಂದೇ ಭಾರತ್ ಹತ್ತಿದಾಗ ನನ್ನ ಬ್ಯಾಗಿನಲ್ಲಿ ಎರಡು ಜೊತೆ ಬಟ್ಟೆ ಮತ್ತು ಅಪ್ಪನ ಬಿಪಿ ಮಾತ್ರೆಗಳಿದ್ದವು, ಫೋನಿನಲ್ಲಿ ಒಂದು ಇಮೇಲ್ ಇತ್ತು. ಹುಬ್ಬಳ್ಳಿಯಲ್ಲಿ ಕಚೇರಿ ಇರುವ ಒಂದು ಸಾಫ್ಟ್‌ವೇರ್ ಕಂಪನಿ ನನಗೆ ಕೆಲಸ ಕೊಡಲು ಒಪ್ಪಿತ್ತು. ಸಂಬಳ ಈಗಿನದಕ್ಕಿಂತ ಕಾಲು ಭಾಗ ಕಡಿಮೆ. ಹೌದೋ ಅಲ್ಲವೋ ಎಂದು ಸೋಮವಾರದೊಳಗೆ ಹೇಳಬೇಕಿತ್ತು. ಅವ್ವ ತೀರಿಕೊಂಡ ಮೇಲೆ ಅಪ್ಪ ಒಬ್ಬರೇ ಇದ್ದಾರೆ. ಪುಣೆಗೆ ಬನ್ನಿ ಎಂದರೆ ಹದಿನೈದು ದಿನ ಇದ್ದು ವಾಪಸು ಹೊರಡುತ್ತಾರೆ.

ಹುಬ್ಬಳ್ಳಿ-ಪುಣೆ ನಡುವೆ ಈ ರೈಲು ಶುರುವಾದದ್ದು 2024ರ ಸೆಪ್ಟೆಂಬರ್‌ನಲ್ಲಿ. ಅದಕ್ಕೂ ಮುಂಚೆ ನಾನು ಹೆಚ್ಚಾಗಿ ರಾತ್ರಿಯ ಸ್ಲೀಪರ್ ಬಸ್ಸಿನಲ್ಲೇ ಹೋಗುತ್ತಿದ್ದೆ. ಬಸ್ಸಿನಲ್ಲಿ ಮಲಗಿ ಎದ್ದರೆ ಊರು, ನಡುವೆ ಏನಿದೆ ಅನ್ನುವುದೇ ಕಾಣುವುದಿಲ್ಲ. ಹಗಲಿನಲ್ಲಿ ಕಿಟಕಿ ಪಕ್ಕ ಕೂತು ಹೋದ ಮೇಲೆ ಗೊತ್ತಾಯಿತು, ಊರುಗಳಿಗೆ ಉದ್ಯೋಗ ಹೇಗೆ ಬರುತ್ತದೆ, ಹೇಗೆ ಹೋಗುತ್ತದೆ ಅನ್ನುವ ಪಾಠ ಈ ಹಳಿಯ ಉದ್ದಕ್ಕೂ ಇದೆ.

ಕರಾಡ ದಾಟಿ ಸಾಂಗ್ಲಿಯ ಕಡೆ ಹೋಗುವಾಗ ಕಬ್ಬಿನ ಗದ್ದೆಗಳ ನಡುವೆ ಒಂದು ಸಣ್ಣ ಸ್ಟೇಷನ್ ಬರುತ್ತದೆ. ಬೋರ್ಡಿನ ಮೇಲಿನ ಹೆಸರು: ಕಿರ್ಲೋಸ್ಕರವಾಡಿ. ಲಕ್ಷ್ಮಣರಾವ್ ಕಿರ್ಲೋಸ್ಕರರು ಹುಟ್ಟಿದ್ದು 1869ರಲ್ಲಿ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದರು. ಆಮೇಲೆ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಮಾಡತೊಡಗಿದರು. ಕಬ್ಬಿಣ ಮುಟ್ಟಿದರೆ ಹೊಲಕ್ಕೆ ವಿಷವಾಗುತ್ತದೆ ಎಂದು ರೈತರು ಹೆದರಿದ್ದರಿಂದ ಮೊದಲು ನೇಗಿಲು ಮಾರಾಟವಾಗಲೇ ಇಲ್ಲ. ಅದೂ ಒಂದು ಹದಕ್ಕೆ ಬರುವಾಗ ಊರು ಬೆಳೆಸಬೇಕೆಂದು ಬೆಳಗಾವಿಯ ಪುರಸಭೆ ಅವರ ಕಾರ್ಖಾನೆಯ ಜಾಗ ಬಿಡಿಸಿತು. ಔಂಧ್ ಸಂಸ್ಥಾನದ ರಾಜರು ಕರೆದು ಜಾಗ ಕೊಟ್ಟರು. 1910ರಲ್ಲಿ ಕಾರ್ಖಾನೆ ಇಲ್ಲಿಗೆ ಬಂತು. ಕಳ್ಳಿ ಬೆಳೆದ ಬರಡು ನೆಲ ಒಂದು ಊರಾಯಿತು.

ಹೂಡಿಕೆ ಆಕರ್ಷಣೆ, ಭೂಮಿ ಮಂಜೂರಾತಿ ಎಂದೆಲ್ಲ ನಾವು ಇವತ್ತು ಯಾವುದನ್ನು ಕರೆಯುತ್ತೇವೋ ಅದು ನೂರಾ ಹದಿನೈದು ವರ್ಷಗಳ ಹಿಂದೆಯೇ ಇಲ್ಲಿ ನಡೆದಿತ್ತು. ಒಂದು ಊರು ಬಿಟ್ಟುಕೊಟ್ಟಿತು, ಇನ್ನೊಂದು ಕರೆದುಕೊಂಡಿತು.

ಆದರೆ ಕಥೆ ಅಲ್ಲಿಗೇ ಮುಗಿಯುವುದಿಲ್ಲ. ಇದೇ ಮನೆತನ 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಶುರು ಮಾಡಿತು. ಹುಬ್ಬಳ್ಳಿಯಿಂದ ಬೆಂಗಳೂರಿನ ಕಡೆ ಹೋದರೆ ಹಾವೇರಿ, ರಾಣೆಬೆನ್ನೂರು ಆದ ಮೇಲೆ ಹರಿಹರ. ಅಲ್ಲಿ ತಯಾರಾದ ಲೇಥ್‌ಗಳು ದೇಶದ ಎಷ್ಟೋ ವರ್ಕ್‌ಶಾಪ್‌ಗಳಲ್ಲಿದ್ದವು. ಅಪ್ಪ ಕೆಲಸ ಕಲಿತದ್ದೂ ಹರಿಹರದ ಲೇಥ್ ಮೇಲೆಯೇ. ಈ ಶತಮಾನದ ಆರಂಭದಲ್ಲಿ ಆ ಕಾರ್ಖಾನೆ ಮುಚ್ಚಿತು. ಇಡೀ ಊರಿನ ಗಡಿಯಾರ ಒಂದೇ ಕಾರ್ಖಾನೆಯ ಸೈರನ್ನಿಗೆ ಹೊಂದಿಕೊಂಡಿದ್ದಾಗ ಆ ಸೈರನ್ ನಿಂತರೆ ಏನಾಗುತ್ತದೆ ಎಂದು ಹರಿಹರದ ಮಂದಿಯನ್ನು ಕೇಳಬೇಕು.

ಬೆಳಗಾವಿ ಬರುವಷ್ಟರಲ್ಲಿ ಕತ್ತಲಾಗಿತ್ತು. ಕಿರ್ಲೋಸ್ಕರರನ್ನು ಕಳೆದುಕೊಂಡ ಈ ಊರು ಆಮೇಲೆ ತನ್ನದೇ ದಾರಿ ಹುಡುಕಿಕೊಂಡಿತು. ಉದ್ಯಮಬಾಗದಲ್ಲಿ ಸಾಲುಸಾಲು ಫೌಂಡ್ರಿಗಳಿವೆ, ಎರಕ ಹೊಯ್ಯುವವರು, ಅದನ್ನು ಕೊರೆದು ತಿದ್ದುವವರು, ಅಚ್ಚು ಮಾಡಿಕೊಡುವವರು ಒಬ್ಬರ ಮಗ್ಗುಲಿಗೆ ಒಬ್ಬರಿದ್ದಾರೆ. ಬಸ್ಸಿನಲ್ಲಿ ಬಂದಿದ್ದರೆ ಹೆದ್ದಾರಿಯ ಪಕ್ಕದ ಹತ್ತರಗಿಯಲ್ಲಿ ಏಕಸ್ ಕಂಪನಿಯ ವಿಶೇಷ ಆರ್ಥಿಕ ವಲಯದ ದೀಪಗಳು ಕಾಣುತ್ತಿದ್ದವು. ಅಲ್ಲಿ ವಿಮಾನದ ಬಿಡಿಭಾಗಗಳು ತಯಾರಾಗುತ್ತವೆ. ಲೋಹ ಕೊರೆಯುವ ಕೈಗಳು ಮೊದಲೇ ಬೆಳಗಾವಿಯಲ್ಲಿದ್ದವು. ವಿಮಾನದ ಕೆಲಸ ಬಂದಾಗ ಅದು ಪೂರ್ತಿ ಹೊಸ ನೆಲದಲ್ಲಿ ಬೇರು ಬಿಡಬೇಕಾಗಲಿಲ್ಲ.

ಧಾರವಾಡ ಬಂದಾಗ ಅರ್ಧ ಬೋಗಿ ಖಾಲಿಯಾಯಿತು. ಈ ಊರಿನಲ್ಲೀಗ ಐಐಟಿ ಇದೆ, ಟ್ರಿಪಲ್ ಐಟಿ ಇದೆ, ಹೆದ್ದಾರಿಯ ಕಡೆ ಟಾಟಾದವರ ಬಸ್ ಕಟ್ಟುವ ಕಾರ್ಖಾನೆ ಇದೆ. ಹುಬ್ಬಳ್ಳಿಯಲ್ಲಿ 1947ರಲ್ಲಿ ಶುರುವಾದ ಬಿವಿಬಿ ಇಂಜಿನಿಯರಿಂಗ್ ಕಾಲೇಜು ಈಗ ವಿಶ್ವವಿದ್ಯಾಲಯವೇ ಆಗಿದೆ. ಅವಳಿ ನಗರ ಇಂಜಿನಿಯರುಗಳನ್ನು ತಯಾರಿಸುತ್ತಲೇ ಇದೆ, ಅವರು ರಾತ್ರಿ ಬಸ್ ಹತ್ತುತ್ತಲೇ ಇದ್ದಾರೆ. ಹದಿನೇಳು ವರ್ಷಗಳ ಹಿಂದೆ ನಾನೂ ಹತ್ತಿದ್ದೆ.

ಮನೆ ಮುಟ್ಟಿದಾಗ ಅಪ್ಪ ರೊಟ್ಟಿ, ಪುಂಡಿಪಲ್ಯ ಮುಚ್ಚಿಟ್ಟುಕೊಂಡು ಕಾಯುತ್ತಿದ್ದರು. ಕೆಲಸದ ವಿಷಯ ಆ ರಾತ್ರಿ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಇಬ್ಬರೂ ಗೋಕುಲ ರಸ್ತೆಯಲ್ಲಿ ನಡೆದೆವು. ಅಪ್ಪ ಇದೇ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ ಮೂವತ್ತೈದು ವರ್ಷ ಟರ್ನರ್ ಆಗಿದ್ದವರು. ನೀರು, ಎಣ್ಣೆ, ಉಗಿಯ ಪೈಪುಗಳಿಗೆ ಹಾಕುವ ವಾಲ್ವ್‌ಗಳಿಗೆ ಹುಬ್ಬಳ್ಳಿ ಹೆಸರುವಾಸಿ. ಇದೇ ರಸ್ತೆಯಲ್ಲಿ ಇನ್ನಷ್ಟು ಮುಂದೆ ಹೋದರೆ ವಿಮಾನ ನಿಲ್ದಾಣ, ಅದರ ಹತ್ತಿರವೇ ಇನ್ಫೋಸಿಸ್ ಕ್ಯಾಂಪಸ್. ಅಲ್ಲಿ ಕೆಲಸ ಶುರುವಾಗಲಿ ಎಂದು ಊರಿನವರು ಅಭಿಯಾನವನ್ನೇ ನಡೆಸಿದ್ದರು, 2022ರ ಆಗಸ್ಟ್‌ನಲ್ಲಿ ಶುರುವಾಯಿತು. ಹುಬ್ಬಳ್ಳಿಯವರೇ ಆದ ಗುರುರಾಜ ದೇಶಪಾಂಡೆ ಕಟ್ಟಿದ ಪ್ರತಿಷ್ಠಾನ ಹೊಸ ಉದ್ಯಮಗಳಿಗೆ ನೆರಳು ಕೊಡುತ್ತಿದೆ. ಅಪ್ಪನ ಕಾಲದ ಕೆಲಸ, ನನ್ನ ಕಾಲದ ಕೆಲಸ, ಎರಡೂ ಒಂದೇ ರಸ್ತೆಯಲ್ಲಿವೆ.

ಚಹಾ ಅಂಗಡಿಯ ಮುಂದೆ ನಿಂತು ಇಮೇಲ್ ವಿಷಯ ಹೇಳಿದೆ. ಖುಷಿಯಾಗುತ್ತಾರೆ ಅಂದುಕೊಂಡಿದ್ದೆ. ಅಪ್ಪ ಕಪ್ ಕೆಳಗಿಟ್ಟು ಕೇಳಿದರು, "ಆ ಕಂಪನಿ ನಾಳೆ ಬ್ಯಾಡ ಅಂದ್ರ ಎಲ್ಲಿ ಹೋಗ್ತಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ.

"ನಾ ಐದು ಮಂದಿ ಮಾಲಕರ ಕೈಯಾಗ ದುಡದೇನಿ," ಅಂದರು. "ಎರಡು ವರ್ಕ್‌ಶಾಪ್ ನನ್ನ ಕಣ್ಣ ಮುಂದ ಮುಚ್ಚಿದ್ವು. ಶನಿವಾರ ಲೆಕ್ಕಾ ಮುಗಿಸಿ ಕಳಸಿದ್ರು, ಸೋಮವಾರ ಡಬ್ಬಿ ಹಿಡಕೊಂಡು ರಸ್ತೆ ದಾಟಿ ಇನ್ನೊಂದು ಗೇಟಿನಾಗ ನಿಂತೆ. ನಿಮ್ಮವ್ವಗ ಗೊತ್ತಾಗೂದ್ರಾಗ ಮತ್ತ ಪಗಾರ ಚಾಲೂ ಆಗಿತ್ತು."

ಹಿಂಜವಡಿಯ ಗುಟ್ಟೂ ಇದೇ ಅಲ್ಲವೇ? ಪುಣೆಯಲ್ಲಿ ನಾನು ಮೂರು ಸಲ ಕಂಪನಿ ಬದಲಿಸಿದ್ದೇನೆ. ಮನೆ ಬದಲಿಸಲಿಲ್ಲ, ಮಗಳ ಶಾಲೆ ಬದಲಿಸಲಿಲ್ಲ. ಹಿಂಜವಡಿಯ ಟ್ರಾಫಿಕ್ಕನ್ನು ದಿನಾ ಬೈಯುತ್ತೇನೆ, ಆದರೆ ನನ್ನನ್ನು ಅಲ್ಲಿ ಹಿಡಿದಿಟ್ಟದ್ದು ಮೊದಲ ಕೆಲಸವಲ್ಲ, ಎದುರುಗಡೆ ಸದಾ ಇದ್ದ ಎರಡನೆಯದು.

ನಮ್ಮ ಸರ್ಕಾರಗಳು ಹಿಂದುಳಿದ ಭಾಗಗಳಿಗೆ ಏನೂ ಮಾಡಿಲ್ಲ ಎನ್ನಲಾಗದು. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲೇ 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿತು. ಅತ್ಯಂತ ಹಿಂದುಳಿದ 39ರಲ್ಲಿ 26 ಉತ್ತರ ಕರ್ನಾಟಕದವು. ಕೈಗಾರಿಕಾ ನೀತಿಗಳು ರಾಜ್ಯವನ್ನು ವಲಯಗಳಾಗಿ ಹಂಚಿ ಬೆಂಗಳೂರಿನಿಂದಾಚೆ ಹೆಚ್ಚು ಸಬ್ಸಿಡಿ, ಮುದ್ರಾಂಕ ಶುಲ್ಕದ ವಿನಾಯಿತಿ ಕೊಡುತ್ತವೆ. 'ಬಿಯಾಂಡ್ ಬೆಂಗಳೂರು' ಹೆಸರಿನಲ್ಲಿ ಹುಬ್ಬಳ್ಳಿ-ಧಾರವಾಡ-ಬೆಳಗಾವಿಯನ್ನು ಒಂದು ಕ್ಲಸ್ಟರ್ ಎಂದು ಪ್ರಚಾರ ಮಾಡುತ್ತಿದ್ದಾರೆ. ಇವೆಲ್ಲ ಬೇಕು. ಆದರೆ ರಿಯಾಯಿತಿ ನೋಡಿ ಬರುವುದು ಕಂಪನಿ. ಕೆಲಸಗಾರ ಲೆಕ್ಕ ಹಾಕುವುದೇ ಬೇರೆ. ದೊಡ್ಡ ಕಂಪನಿಯೊಂದು ಬಂದರೆ ಪತ್ರಿಕೆಯಲ್ಲಿ ಫೋಟೋ ಬರುತ್ತದೆ. ಇಪ್ಪತ್ತು ಜನರ ಹತ್ತು ಕಂಪನಿಗಳು ಉಳಿದುಕೊಂಡರೆ ಫೋಟೋ ಬರುವುದಿಲ್ಲ, ಆದರೆ ನನ್ನಂಥವರಿಗೆ ಧೈರ್ಯ ಬರುವುದು ಅದರಿಂದಲೇ.

ಶನಿವಾರ ಗಾಜಿನ ಮನೆ ಎದುರಿನ ಐಟಿ ಪಾರ್ಕ್ ಹತ್ತಿರ ನನ್ನ ಕಾಲೇಜಿನ ಗೆಳೆಯನನ್ನು ಕಂಡೆ. ಅವನದು ಇಪ್ಪತ್ತೆರಡು ಜನರ ಕಂಪನಿ. ಹೊಸಬರು ಬೇಕಾದಷ್ಟು ಸಿಗುತ್ತಾರಂತೆ. ಎರಡು ವರ್ಷ ಕಲಿಸಿದ ಮೇಲೆ ಪುಣೆ, ಬೆಂಗಳೂರಿಗೆ ಹೊರಡುತ್ತಾರೆ. "ಹತ್ತು-ಹದಿನೈದು ವರ್ಷ ಅನುಭವ ಇದ್ದವರು ಸಿಗೂದಿಲ್ಲೋ ಮಾರಾಯಾ," ಅಂದ. "ಅನುಭವ ಇದ್ದವರು ಇಲ್ಲಂತ ದೊಡ್ಡ ಕೆಲಸಾ ಬರೂದಿಲ್ಲ. ದೊಡ್ಡ ಕೆಲಸಾ ಇಲ್ಲಂತ ನಿನ್ನಂಥಾವ್ರು ಬರೂದಿಲ್ಲ. ಯಾರರ ಒಬ್ಬರು ಮೊದಲ ಬರಬೇಕಲ್ಲ?" ಆಮೇಲೆ ಗಿರ್ಮಿಟ್ ತಟ್ಟೆ ನನ್ನ ಕಡೆ ಸರಿಸಿ ನಕ್ಕ, "ನೀ ಬರದಿದ್ರ ನಿನ್ನ ಹೆಂಡತಿನರ ಕಳಸು."

ತಮಾಷೆಗೆ ಹೇಳಿದ್ದು. ಆದರೆ ಆ ಮಾತು ನನ್ನನ್ನು ಬಿಡಲಿಲ್ಲ. ನನ್ನ ಹೆಂಡತಿಯೂ ಇದೇ ಕ್ಷೇತ್ರದವಳು, ಟೆಸ್ಟಿಂಗ್ ವಿಭಾಗದಲ್ಲಿ ಹನ್ನೆರಡು ವರ್ಷ ಕೆಲಸ ಮಾಡಿದವಳು. ಊರಿಗೆ ಮರಳುವ ಕನಸು ಕಾಣುವಾಗೆಲ್ಲ ನಾನು ನನ್ನ ಒಂದು ಕೆಲಸವನ್ನಷ್ಟೇ ಲೆಕ್ಕ ಹಾಕುತ್ತಿದ್ದೆ.

ಭಾನುವಾರ ನಸುಕಿನ ರೈಲಿಗೆ ಅಪ್ಪ ಸ್ಟೇಷನ್ನಿಗೆ ಬಂದರು. ಒಂದೂವರೆ ಕಿಲೋಮೀಟರ್ ಉದ್ದದ, ಜಗತ್ತಿನಲ್ಲೇ ಅತಿ ಉದ್ದವಾದ ಪ್ಲಾಟ್‌ಫಾರಂ ನಮ್ಮ ಹುಬ್ಬಳ್ಳಿಯದು. ಅಲ್ಲಿ ನಿಂತು ಅಪ್ಪ, "ನನ್ನ ಸಲುವಾಗಿ ಬರಬ್ಯಾಡ. ನಿನಗ ಪಾಡಾಗತೈತಿ ಅಂದ್ರ ಬಾ," ಅಂದರು. ರೈಲು ಬಿಟ್ಟ ಮೇಲೂ ಕಿಟಕಿಯಿಂದ ಸುಮಾರು ಹೊತ್ತು ಕಂಡರು.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲಿ ನನಗ ಎಷ್ಟು ಆಫೀಸ್ ಅದಾವು?"

ನನ್ನ ಲೆಕ್ಕ ಒಂದು ಕೈಬೆರಳಿನಲ್ಲಿ ಮುಗಿಯಿತು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಎರಡು ಇದ್ರ ಸಾಕು. ಒಂದು ಸೇರಾಕ, ಒಂದು ಬಿಟ್ಟು ಹೋಗಾಕ," ಅಂದಳು.

ಸೋಮವಾರ ಬೆಳಿಗ್ಗೆ ಹೌದು ಎಂದು ಉತ್ತರ ಬರೆದೆ. ಜೂನ್ ತಿಂಗಳಲ್ಲಿ ನಾನು ಮೊದಲು ಹೋಗುತ್ತೇನೆ. ಅವಳು ಮತ್ತು ಮಗಳು ಒಂದು ವರ್ಷ ಪುಣೆಯಲ್ಲೇ ಇರುತ್ತಾರೆ. ಅಷ್ಟರಲ್ಲಿ ಗೆಳೆಯನ ಕಂಪನಿಯ ಟೆಸ್ಟಿಂಗ್ ಕೆಲಸವನ್ನು ಅವಳು ಇಲ್ಲಿಂದಲೇ ಅರ್ಧ ದಿನ ಮಾಡಿ ನೋಡುತ್ತಾಳೆ. ಒಂದು ವರ್ಷದ ಮೇಲೆ ಏನಾಯಿತು ಎಂದು ಇದೇ ಪತ್ರಿಕೆಯಲ್ಲಿ ಬರೆಯುತ್ತೇನೆ. ಅಲ್ಲಿಯವರೆಗೆ, ಈ ದಾರಿಯಲ್ಲಿ ಹಗಲು ಪ್ರಯಾಣ ಮಾಡುವವರು ಕಿರ್ಲೋಸ್ಕರವಾಡಿಯ ಬೋರ್ಡು ಬರುವಾಗ ಒಮ್ಮೆ ಕಿಟಕಿಯಾಚೆ ನೋಡಿ.