ಒಂದೇ ಊರಿಗೆ ಹತ್ತು ದಿನ

ವಾರ್ಷಿಕ ಪರೀಕ್ಷೆ ಮುಗಿದು ಏಪ್ರಿಲ್ ಕಾಲಿಟ್ಟಿತೆಂದರೆ ಮಧ್ಯಮ ವರ್ಗದ ಮನೆಗಳಲ್ಲಿ ಪ್ರವಾಸದ ಮಾತು ಶುರುವಾಗುತ್ತದೆ. ಐದು ದಿನಕ್ಕೆ ಎಂಟು ಊರು, ಏಳು ದಿನಕ್ಕೆ ಹನ್ನೆರಡು ಊರು, ಹೀಗೆ ಸಾಗುತ್ತದೆ ಲೆಕ್ಕ. ದೇವಸ್ಥಾನದೆದುರು ಇಪ್ಪತ್ತು ನಿಮಿಷ, ಜಲಪಾತದೆದುರು ಹದಿನೈದು ನಿಮಿಷ, ಮತ್ತೆ ಬಸ್ಸು. ಮರಳಿ ಬಂದ ಮಕ್ಕಳನ್ನು ‘ಏನು ನೋಡಿದಿರಿ?’ ಎಂದು ಕೇಳಿದರೆ ಹೋಟೆಲಿನ ದೋಸೆ ಮತ್ತು ಬಸ್ಸಿನಲ್ಲಿ ವಾಂತಿ ಮಾಡಿಕೊಂಡವರ ಹೆಸರು ಬಿಟ್ಟು ಬೇರೇನೂ ಹೊರಡುವುದಿಲ್ಲ.

ಭಟ್ಕಳ ತಾಲೂಕಿನ ಕಾಯ್ಕಿಣಿಯ ಹಿರಿಯ ದಂಪತಿಗಳ ಮನೆಯಲ್ಲಿಯೂ ಇಂಥದೇ ಮಾತು ನಡೆದಿತ್ತು. ಪತಿ ಸರಕಾರಿ ನೌಕರಿಯಿಂದ ನಿವೃತ್ತರು. ನಿವೃತ್ತಿಯ ಹಣದಲ್ಲಿ ಒಂದು ಪಾಲನ್ನು ಪ್ರವಾಸಕ್ಕೆಂದೇ ಠೇವಣಿಯಲ್ಲಿಟ್ಟವರು. ಪತ್ನಿಗೆ ಮಂಡಿ ನೋವು. ಇನ್ನೊಂದೆರಡು ವರ್ಷದಲ್ಲಿ ಶಸ್ತ್ರಚಿಕಿತ್ಸೆ ಆಗಲೇಬೇಕೆಂದು ವೈದ್ಯರು ಹೇಳಿದ್ದಾರೆ. ಅಂದರೆ ಇದು ಅವರ ಮೊದಲ ವಿದೇಶ ಪ್ರವಾಸ. ಬಹುಶಃ ಕೊನೆಯದೂ ಹೌದು. ಜೊತೆಗೆ ಹೊರಡುವವನು ಒಂಬತ್ತನೆಯ ತರಗತಿಯ ಮೊಮ್ಮಗ.

ಪತಿ ಎಲ್ಲಿಂದಲೋ ಒಂದು ಕರಪತ್ರ ತಂದರು. ಉತ್ತರ ಆಫ್ರಿಕದ ಮೊರಾಕ್ಕೊ ದೇಶ, ಎಂಟು ದಿನ, ಏಳು ಊರು. ಪತ್ನಿ ಅದನ್ನು ಪೂರ್ತಿ ಓದಿ ಮಡಚಿಟ್ಟರು. “ಅಲ್ಲ ಮಾರಾಯ್ರೆ, ಇದರಲ್ಲಿ ಊರು ನೋಡುವುದು ಯಾವಾಗ? ಪೆಟ್ಟಿಗೆ ಕಟ್ಟುವುದು, ಬಿಚ್ಚುವುದು ಅಷ್ಟೇ ಉಂಟು. ಒಂದೇ ಊರು ಸಾಕು. ಅಲ್ಲಿ ಹತ್ತು ದಿನ ಇದ್ದು ಬರುವ” ಎಂದರು. ಮೂರು ದಿನಗಳ ಚರ್ಚೆಯ ನಂತರ ಅವರ ಮಾತೇ ಗೆದ್ದಿತು. ಆರಿಸಿಕೊಂಡ ಊರು ಫೆಜ್.

ಎಲ್ಲಿಯ ಕಾಯ್ಕಿಣಿ, ಎಲ್ಲಿಯ ಫೆಜ್ ಎಂದು ಓದುಗರಿಗೆ ಅನಿಸಬಹುದು. ಆದರೆ ಈ ಎರಡು ನೆಲಗಳ ನಂಟು ಸುಮಾರು ಏಳು ಶತಮಾನದಷ್ಟು ಹಳೆಯದು. ಇಬ್ನ್ ಬತೂತನ ಹೆಸರನ್ನು ವಿದ್ಯಾರ್ಥಿಗಳು ಇತಿಹಾಸದ ಪಾಠದಲ್ಲಿ ಓದಿರುತ್ತಾರೆ. ಅವನು 1304ರಲ್ಲಿ ಮೊರಾಕ್ಕೊದ ಟಾಂಜಿಯರ್‌ನಲ್ಲಿ ಹುಟ್ಟಿ, 1325ರಲ್ಲಿ, ಇಪ್ಪತ್ತೊಂದರ ಹರೆಯದಲ್ಲಿ ಮನೆ ಬಿಟ್ಟವನು. ದಿಲ್ಲಿಯಲ್ಲಿ ಮಹಮ್ಮದ್ ಬಿನ್ ತುಘಲಕನ ಬಳಿ ನ್ಯಾಯಾಧೀಶನಾಗಿದ್ದು, 1340ರ ದಶಕದಲ್ಲಿ ಪಶ್ಚಿಮ ಕರಾವಳಿಗೆ ಬಂದ. ಅವನು ತಂಗಿದ ಊರುಗಳಲ್ಲಿ ಒಂದು ‘ಹಿನೌರ್’, ಅಂದರೆ ಕಾಯ್ಕಿಣಿಯಿಂದ ಬಸ್ಸಿನಲ್ಲಿ ಒಂದು ತಾಸಿನೊಳಗೆ ತಲುಪುವ ಹೊನ್ನಾವರ.

ಅವನು ಅಲ್ಲಿ ಕಂಡದ್ದೇನು? ಹುಡುಗರಿಗೆ 23 ಶಾಲೆ, ಹುಡುಗಿಯರಿಗೆ 13 ಶಾಲೆ. ಹುಡುಗಿಯರಿಗಾಗಿ ಇಷ್ಟು ಶಾಲೆಗಳನ್ನು ಬೇರೆಲ್ಲಿಯೂ ಕಂಡಿಲ್ಲವೆಂದು ಅವನು ಹೇಳಿದ್ದಾನೆ. ಹೊನ್ನಾವರದ ಊಟವನ್ನಂತೂ ಬಡಿಸಿದ ಕ್ರಮದಲ್ಲಿಯೇ ವರ್ಣಿಸಿದ್ದಾನೆ. ತಾಮ್ರದ ತಟ್ಟೆಯಲ್ಲಿ ಅನ್ನ, ಮೇಲೆ ತುಪ್ಪ, ಜೊತೆಗೆ ಮೆಣಸಿನ ಗೊಂಚಲು, ಹಸಿಶುಂಠಿ, ನಿಂಬೆ, ಮಾವಿನ ಉಪ್ಪಿನಕಾಯಿ, ಆಮೇಲೆ ಕೋಳಿ, ಮೀನು, ಕೊನೆಗೆ ಮಜ್ಜಿಗೆ. ಮಳೆಗಾಲದಲ್ಲಿ ತಣ್ಣೀರು ಬಾಧಿಸುತ್ತದೆಂದು ಬಿಸಿನೀರು. ರೊಟ್ಟಿಯ ನಾಡಿನ ಈ ಮನುಷ್ಯ ಇಲ್ಲಿನ ಸುಲ್ತಾನ ಜಮಾಲುದ್ದೀನನ ಬಳಿ ಹನ್ನೊಂದು ತಿಂಗಳು ರೊಟ್ಟಿಯನ್ನೇ ಮುಟ್ಟದೆ ಅನ್ನ ಉಂಡಿದ್ದ. ಇಪ್ಪತ್ತು ನಿಮಿಷ ನಿಂತು ಹೋದವನು ಇಷ್ಟು ಬರೆಯಲಾರ.

ಆ ಪ್ರವಾಸದ ಕಥೆ ಗ್ರಂಥರೂಪಕ್ಕೆ ಬಂದದ್ದು ಫೆಜ್ ನಗರದಲ್ಲಿ. ಅಲ್ಲಿನ ಸುಲ್ತಾನ ಅಬೂ ಇನಾನನ ಆಜ್ಞೆಯಂತೆ ಇಬ್ನ್ ಬತೂತ ಹೇಳುತ್ತ ಹೋದ, ಇಬ್ನ್ ಜುಜಯ್ ಎಂಬ ವಿದ್ವಾಂಸ ಬರೆದುಕೊಂಡ. 1355ರಲ್ಲಿ ಕೆಲಸ ಮುಗಿಯಿತು. ಹೊನ್ನಾವರದ ಶಾಲೆಗಳ ಲೆಕ್ಕ ಬರಹಕ್ಕಿಳಿದ ಊರು ಎಂಬ ಒಂದೇ ಕಾರಣಕ್ಕೆ ಮೊಮ್ಮಗನೂ ಅಜ್ಜಿಯ ಪಕ್ಷ ಸೇರಿದ.

ಇನ್ನು ಯೋಜನೆಯ ಮಾತು. ಫೆಜ್‌ನಲ್ಲಿ ಬೇಸಿಗೆ ಕಡು ಬಿಸಿಲು. ಮಾರ್ಚ್‌ನಿಂದ ಮೇ, ಸೆಪ್ಟೆಂಬರಿನಿಂದ ನವೆಂಬರ್ ಹಿತವಾದ ಕಾಲ. ಶಾಲೆಯ ರಜೆ ನೋಡಿ ಏಪ್ರಿಲ್ ನಿಶ್ಚಯವಾಯಿತು. ರಂಜಾನ್ ತಿಂಗಳಲ್ಲಿ ಹಗಲು ಅನೇಕ ಊಟದ ಅಂಗಡಿಗಳು ಮುಚ್ಚಿರುತ್ತವೆ. ಚಾಂದ್ರ ವರ್ಷಕ್ಕೆ ಸುಮಾರು 354 ದಿನಗಳಾದ್ದರಿಂದ ಆ ತಿಂಗಳು ಪ್ರತಿವರ್ಷ ಹನ್ನೊಂದು ದಿನ ಹಿಂದೆ ಸರಿಯುತ್ತದೆ. ಹಾಗಾಗಿ ಪಂಚಾಂಗ ನೋಡಿಯೇ ಟಿಕೆಟ್ ತೆಗೆಯಬೇಕು. ವೀಸಾ ಬೇಕು. ಮುಂಬಯಿಯಿಂದ ದುಬೈ ಇಲ್ಲವೆ ದೋಹಾದಲ್ಲಿ ವಿಮಾನ ಬದಲಿಸಿ ಕಾಸಾಬ್ಲಾಂಕಾ, ಅಲ್ಲಿಂದ ರೈಲಿನಲ್ಲಿ ಸುಮಾರು ನಾಲ್ಕು ತಾಸು.

ಹಣ ಎಲ್ಲಿ ಖರ್ಚಾಗಬೇಕೆಂಬುದನ್ನು ಪತ್ನಿಯೇ ನಿರ್ಧರಿಸಿದರು. ಏಳು ಊರುಗಳ ಓಡಾಟದಲ್ಲಿ ಉಳಿದದ್ದೆಲ್ಲ ಒಂದು ಒಳ್ಳೆಯ ‘ರಿಯಾದ್’ಗೆ. ರಿಯಾದ್ ಎಂದರೆ ನಡುವೆ ಗಿಡ, ಕಾರಂಜಿಗಳ ಒಳ ಅಂಗಳವಿರುವ ಹಳೆಯ ಮನೆ. ತೊಟ್ಟಿಮನೆ ಕಂಡವರಿಗೆ ಅದರ ಕಲ್ಪನೆ ಸುಲಭ. ಹಳೆಯ ಪೇಟೆಯ ಓಣಿಗಳಲ್ಲಿ ಕಾರು ಓಡುವುದಿಲ್ಲ. ಸಾಮಾನು ಹೊರುವುದು ಹೇಸರಗತ್ತೆ. ಅದರ ಹಿಂದೆ ಬರುವವನು ‘ಬಾಲಕ್, ಬಾಲಕ್’ ಎಂದು ಕೂಗಿದರೆ ಯಾವ ಬಾಲಕನನ್ನೂ ಕರೆಯುತ್ತಿಲ್ಲ, ದಾರಿ ಬಿಡಿ ಎನ್ನುತ್ತಿದ್ದಾನೆ! ಆದ್ದರಿಂದ ಮಂಡಿ ನೋವಿನವರಿಗೆ ಪೇಟೆಯೊಳಗೇ, ದಾರಿಯಿಂದ ದೂರವಿಲ್ಲದ, ನೆಲಮಹಡಿಯ ಕೋಣೆ ಬೇಕು. ಬೆಳಿಗ್ಗೆ ಎರಡು ತಾಸು ತಿರುಗಾಟ, ಮಧ್ಯಾಹ್ನ ವಿಶ್ರಾಂತಿ, ಸಂಜೆ ಪುದೀನ ಚಹಾ. ದಿನಕ್ಕೆ ಒಂದೇ ಸ್ಥಳ.

ಆ ಒಂದೊಂದು ಸ್ಥಳವೂ ಒಂದೊಂದು ಪಾಠ. ಫಾತಿಮಾ ಅಲ್ ಫಿಹ್ರಿ ಎಂಬ ಮಹಿಳೆ 859ರಲ್ಲಿ ಕಟ್ಟಿಸಿದಳೆಂದು ಪರಂಪರೆ ಹೇಳುವ ಅಲ್ ಕರಾವಿಯ್ಯೀನ್ ಮಸೀದಿ, ಮುಂದೆ ಬೆಳೆದು ವಿಶ್ವವಿದ್ಯಾಲಯವಾಯಿತು. ಅನ್ಯಮತೀಯರು ಅದನ್ನು ಬಾಗಿಲಿನಿಂದ ನೋಡಬೇಕು. ಅಬೂ ಇನಾನ್ ಕಟ್ಟಿಸಿದ ಬೂ ಇನಾನಿಯಾ ವಿದ್ಯಾಶಾಲೆಯೊಳಗೆ ಪ್ರವಾಸಿಗರಿಗೆ ಪ್ರವೇಶವಿದೆ. ಅದರೆದುರಿನ ಮನೆಯ ಗೋಡೆಯಲ್ಲಿ 1357ರ ಜಲಗಡಿಯಾರದ ಕುರುಹು. ತಾಸಿಗೊಮ್ಮೆ ಲೋಹದ ಗುಂಡು ಹಿತ್ತಾಳೆಯ ಬಟ್ಟಲಿಗೆ ಬೀಳುತ್ತಿತ್ತಂತೆ. ಯಂತ್ರ ಈಗ ಉಳಿದಿಲ್ಲ. ನೀರಿನಲ್ಲಿ ಮುಳುಗುವ ಗಳಿಗೆ ಬಟ್ಟಲಿನಿಂದ ಇಪ್ಪತ್ತನಾಲ್ಕು ನಿಮಿಷ ಅಳೆದ ನಾಡಿನವರಿಗೆ ಇದು ಪರಕೀಯವೆನಿಸದು. ಶುವಾರಾ ಎಂಬಲ್ಲಿ ಚರ್ಮ ಹದಮಾಡುವ ಕಲ್ಲುತೊಟ್ಟಿಗಳಿವೆ. ಸುಣ್ಣದ ನೀರು ಕೂದಲನ್ನು ಸಡಿಲಿಸುತ್ತದೆ. ಪಾರಿವಾಳದ ಹಿಕ್ಕೆ ಚರ್ಮವನ್ನು ಮೆತ್ತಗಾಗಿಸುತ್ತದೆ. ವಾಸನೆ ತಡೆಯಲು ಪುದೀನದ ಎಲೆ ಕೊಡುತ್ತಾರೆ.

ಮೊಮ್ಮಗ ತನ್ನದೇ ಒಂದು ಪ್ರಯೋಗ ಸೇರಿಸಿದ್ದಾನೆ. ಕಾಯ್ಕಿಣಿಯ ಅಕ್ಷಾಂಶ ಸುಮಾರು 14 ಡಿಗ್ರಿ, ಫೆಜ್‌ನದು 34. ಧ್ರುವನಕ್ಷತ್ರ ದಿಗಂತದಿಂದ ಹೆಚ್ಚುಕಡಿಮೆ ಅಷ್ಟೇ ಡಿಗ್ರಿ ಮೇಲೆ ಕಾಣುತ್ತದೆ. ಕೋನಮಾಪಕಕ್ಕೆ ದಾರ ಕಟ್ಟಿ, ದಾರಕ್ಕೆ ಕಲ್ಲು ಕಟ್ಟಿ ಮನೆಯ ತಾರಸಿಯಿಂದ ಅಳೆದಾಗಿದೆ. ಇನ್ನು ರಿಯಾದ್‌ನ ತಾರಸಿಯಿಂದ ಅಳೆಯುವುದು ಬಾಕಿ. ರೇಖಾಂಶದ ವ್ಯತ್ಯಾಸ ಸುಮಾರು 79 ಡಿಗ್ರಿ, ಡಿಗ್ರಿಗೆ ನಾಲ್ಕು ನಿಮಿಷ. ಕಾಯ್ಕಿಣಿಯ ನೆತ್ತಿ ದಾಟಿದ ಸೂರ್ಯ ಫೆಜ್‌ನ ಮಧ್ಯಾಹ್ನಕ್ಕೆ ಬರಲು ಐದೂಕಾಲು ತಾಸು ಬೇಕೆಂದು ಅವನೇ ಲೆಕ್ಕ ಹಾಕಿದ.

ಇಷ್ಟಾದರೂ ಅಜ್ಜಿಗೆ ಒಂದು ಅಳುಕು ಉಳಿದಿತ್ತು: “ನನ್ನ ಕಾಲು ಎಷ್ಟು ಹೊತ್ತು ನಿಂತೀತು?” ಅದಕ್ಕಾಗಿ ಮೂವರೂ ಭಟ್ಕಳದಲ್ಲಿ ಅಭ್ಯಾಸ ಮಾಡಿದರು. ಹದಿನಾರನೆಯ ಶತಮಾನದ ಖೇತಪೈ ನಾರಾಯಣ ದೇವಸ್ಥಾನಕ್ಕೆ ಬೆಳಿಗ್ಗೆ ಹೋಗಿ ಅರ್ಧ ತಾಸು ನಡೆಯುವುದು, ಕಾಲು ತಾಸು ಕೂರುವುದು. ಹತ್ತಿರವೇ ಇದ್ದೂ ಹುಡುಗ ಅದನ್ನು ಒಮ್ಮೆಯೂ ನಿಂತು ನೋಡಿರಲಿಲ್ಲ. ಮೊದಲ ಅರ್ಧ ತಾಸಿನಲ್ಲಿ ಅವನಿಗೆ ಕಂಡದ್ದು ಬರೀ ಗೊಂಬೆಗಳು. ಅಜ್ಜಿ ಕೂತಾಗ ಅವನೂ ಕೂತ. ಎರಡನೆಯ ಸುತ್ತಿನಲ್ಲಿ ಆ ಗೊಂಬೆಗಳು ರಾಮಾಯಣವಾದವು. ಮೂರನೆಯ ಸುತ್ತಿನಲ್ಲಿ, ಕಲ್ಲಿನ ಮಾಡು ಹಂಚಿನ ಮನೆಯಂತೆ ಇಳಿಜಾರಾಗಿರುವುದು ಏಕೆಂದು ಕೇಳಿದ. “ಮಳೆಗಾಲದಲ್ಲಿ ಬಂದು ನೋಡು, ಗೊತ್ತಾಗ್ತದೆ” ಎಂದರು ಅಜ್ಜ.

ಈ ಪ್ರಶ್ನೆ ಹುಟ್ಟಿದ್ದು ಅಜ್ಜಿಯ ಮಂಡಿ ನೋವಿನಿಂದ ಎಂಬುದನ್ನು ಪಾಲಕರು ಗಮನಿಸಬೇಕು. ಕಾಯುವ ಬಿಡುವು ಸಿಕ್ಕಾಗಲೇ ಮಕ್ಕಳ ಕಣ್ಣು ತೆರೆಯುತ್ತದೆ. ದುಬಾರಿ ಕೋಣೆ ಹಣವಿದ್ದವರಿಗೆ ಸಿಕ್ಕೀತು. ಒಂದು ಊರಿಗೆ ಮೂರು ಸಲ ಹೋಗಿ, ಅವಸರವಿಲ್ಲದೆ ಮಕ್ಕಳ ಜೊತೆ ಕೂರುವ ಸಿರಿತನ ಬಸ್ ಚಾರ್ಜಿನಲ್ಲೇ ದೊರೆಯುತ್ತದೆ. ಫೆಜ್ ಎಲ್ಲರಿಗೂ ಎಟುಕದು. ಖೇತಪೈ ದೇವಸ್ಥಾನದಂಥದು ಪ್ರತಿ ತಾಲೂಕಿನಲ್ಲೂ ಒಂದಾದರೂ ಇದೆ.

ಕಾಯ್ಕಿಣಿಯ ಠೇವಣಿ ಬರುವ ಜನವರಿಯಲ್ಲಿ ಕೈಗೆ ಬರುತ್ತದೆ. ಅಜ್ಜಿ ಈಗ ನಿಲ್ಲದೆ ನಲವತ್ತು ನಿಮಿಷ ನಡೆಯುತ್ತಾರೆ. ಅವರದು ಉಳಿದಿರುವುದು ಒಂದೇ ಚಿಂತೆ. ಇಬ್ನ್ ಬತೂತ ರೊಟ್ಟಿಯಿಲ್ಲದೆ ಹನ್ನೊಂದು ತಿಂಗಳು ಕಳೆದ, ಸರಿ. ಗಂಜಿಯಿಲ್ಲದೆ ತಾನು ಹತ್ತು ದಿನ ಕಳೆಯುವುದು ಹೇಗೆ?