ಮುಂದಿನ ಸೀಟಿನ ಹಕ್ಕುದಾರರು

ರವಿವಾರ ಹತ್ತು ಹನ್ನೊಂದರ ಹೊತ್ತಿಗೆ ಮೌಳಂಗಿಯ ಇಕೋ ಪಾರ್ಕಿನ ಎದುರು ನಿಂತು, ಬರುವ ಕಾರುಗಳ ಎಡಗಡೆಯ ಮುಂಬಾಗಿಲಿನಿಂದ ಯಾರು ಇಳಿಯುತ್ತಾರೆ ಎಂದಷ್ಟು ನೋಡಿದರೆ ಸಾಕು, ಆ ಮನೆಯಲ್ಲಿ ಯಾರ ಮಾತು ನಡೆಯುತ್ತದೆ ಎಂಬುದು ತಿಳಿದುಹೋಗುತ್ತದೆ. ಹುಬ್ಬಳ್ಳಿಯ ಕಾರಿನಿಂದ ಗಾಂಧಿ ಟೊಪ್ಪಿಗೆಯ ಹಿರಿಯರು ಇಳಿದರೆ ಅದಿನ್ನೂ ಹಳೆಯ ಪದ್ಧತಿಯ ಮನೆ. ಬೆಳಗಾವಿಯ ಕಾರಿನಿಂದ ಇಸ್ತ್ರಿ ಮುರಿಯದ ಅಂಗಿಯ ತರುಣ ಇಳಿದರೆ ಅವನು ಹೊಸ ಅಳಿಯ. ಹಿಂದೆ ನಾಲ್ವರು ಒತ್ತಿಕೊಂಡು ಬಂದದ್ದು ಅವನ ಇಸ್ತ್ರಿ ಉಳಿಯಲೆಂದೇ. ಆದರೆ ಈಚೆಗೆ ಆ ಬಾಗಿಲಿನಿಂದ ಹೆಚ್ಚಾಗಿ ಜಿಗಿಯುವುದು ಹತ್ತು ಹನ್ನೊಂದು ವರ್ಷದ ಹುಡುಗನೋ ಹುಡುಗಿಯೋ. ಕೈಯಲ್ಲಿ ಅಪ್ಪನ ಮೊಬೈಲು, ಹಣೆಯ ಮೇಲೆ ಏರಿಸಿದ ತಂಪು ಕನ್ನಡಕ. ಹಿಂದಿನ ಬಾಗಿಲಿನಿಂದ ಹಿರಿಯರು ಮಂಡಿ ತಿಕ್ಕಿಕೊಳ್ಳುತ್ತ, ಸೆರಗು ಸರಿಮಾಡಿಕೊಳ್ಳುತ್ತ ಒಬ್ಬೊಬ್ಬರಾಗಿ ಹೊರಬರುತ್ತಾರೆ. ಅಧಿಕಾರ ಯಾವಾಗ ಕೈ ಬದಲಾಯಿಸಿತು ಎಂಬುದು ಅವರಿಗೂ ಗೊತ್ತಿರುವುದಿಲ್ಲ.

ನಮ್ಮ ಮನೆಯಲ್ಲಿ ಅದಿನ್ನೂ ಪೂರ್ತಿ ಕೈ ಬದಲಾಯಿಸಿಲ್ಲ. ಹೀಗಾಗಿ ಧಾರವಾಡದಿಂದ ಅಕ್ಕನ ಸಂಸಾರ ಹಳಿಯಾಳಕ್ಕೆ ಬಂದು, ನನ್ನನ್ನೂ ಅವ್ವನನ್ನೂ ಹತ್ತಿಸಿಕೊಂಡು ಕಾಳಿ ನದಿಯ ಕಡೆ ಹೊರಟಾಗಲೆಲ್ಲ ಕಾರಿನ ಬಾಗಿಲಲ್ಲಿ ಒಂದು ಪಂಚಾಯಿತಿ ಸೇರುತ್ತದೆ.

“ಮಾಮಾ, ನಂಗ ಹನ್ನೊಂದು ತುಂಬ್ಯಾವು. ನಾ ಮುಂದ ಕುಂದ್ರತೀನಿ,” ಎಂದು ಅಕ್ಕನ ಮಗಳು ಅರ್ಜಿ ಹಾಕುತ್ತಾಳೆ.

“ದೊಡ್ಡಾಕಿ ಆಗಿದ್ರ ಹಿಂದ ಕುಂತು ತಮ್ಮನ್ನ ನೋಡ್ಕೋ,” ಎಂದು ಅಕ್ಕ.

“ಅವಾ ಮೈಮ್ಯಾಲೆ ವಾಂತಿ ಮಾಡ್ತಾನ.”

“ಅದಕ್ಕ ಅವನ್ನ ಮುಂದ ಕುಂದ್ರಸೋಣು,” ಎಂದು ಭಾವ ತೀರ್ಪು ಕೊಡುತ್ತಾರೆ. ಅಲ್ಲಿಗೆ ಹುಡುಗಿಯ ಕಣ್ಣು ತುಂಬುತ್ತದೆ. ಅವ್ವನಿಗೆ ಮಾತ್ರ ಈ ವ್ಯಾಜ್ಯದಲ್ಲಿ ಪಾಲು ಬೇಡ. ಮುಂದೆ ಕೂತರೆ ಪಟ್ಟಿ ಕುತ್ತಿಗೆಗೆ ಹತ್ತುತ್ತದೆ ಎಂಬುದು ಅವಳ ತಕರಾರು.

ನಾವು ಚಿಕ್ಕವರಿದ್ದಾಗ ಈ ಜಗಳ ಇರಲಿಲ್ಲ, ಏಕೆಂದರೆ ಮುಂದಿನ ಸೀಟು ಒಬ್ಬರದಾಗಿರಲಿಲ್ಲ. ಅಂಬಾಸಿಡರಿನಲ್ಲಿ ಮುಂದೆ ಇದ್ದದ್ದು ಉದ್ದನೆಯ ಬೆಂಚು. ಗೇರಿನ ಕೋಲು ಸ್ಟೇರಿಂಗಿನ ಬುಡದಲ್ಲೇ ಇದ್ದುದರಿಂದ ನಡುವಿನ ಜಾಗ ಖಾಲಿ. ಡ್ರೈವರನ ಪಕ್ಕ ಇಬ್ಬರು ದೊಡ್ಡವರು, ಅವರ ತೊಡೆಯ ಮೇಲೆ ಇಬ್ಬರು ಸಣ್ಣವರು. ಆಮೇಲೆ ಓಮ್ನಿ ಬಂತು. 1984ರಲ್ಲಿ ಮಾರುತಿ ವ್ಯಾನ್ ಎಂಬ ಹೆಸರಿನಿಂದ ರಸ್ತೆಗಿಳಿದು 2019ರವರೆಗೆ ತಯಾರಾದ ಆ ಗಾಡಿ ಹಳಿಯಾಳ, ದಾಂಡೇಲಿ, ಜೋಯಿಡಾದ ಕಡೆ ಸಾಲಿಗೂ ಸಂತೆಗೂ ಮದುವೆಗೂ ದವಾಖಾನೆಗೂ ಒದಗಿತು. ಅದರ ಇಂಜಿನ್ನು ಇರುವುದು ಮುಂದಿನ ಸೀಟುಗಳ ಕೆಳಗೆ. ಎದುರಿಗೆ ಬಾನೆಟ್ಟೇ ಇಲ್ಲ. ಒಂದು ಗಾಜು, ಒಂದು ತಗಡು, ಅದರ ಹಿಂದೆ ಕೂತವರ ಮೊಣಕಾಲು. ಡಿಕ್ಕಿಯಾದಾಗ ಗಾಡಿಯ ಯಾವ ಭಾಗ ಮೊದಲು ಮಡಚಿಕೊಳ್ಳಬೇಕೋ ಅಲ್ಲಿಯೇ ಊರ ಮಕ್ಕಳು ಕೂತು ಓಡಾಡಿದರು. “ಹಂಗ ಓಡಾಡಿದ್ವಿ, ನಮಗೇನಾತು? ಚಲೋ ಅದೇವಲ್ಲ?” ಎಂದು ಭಾವ ಕೇಳುತ್ತಾರೆ. ಏನಾದರೂ ಆದವರು ನಮ್ಮ ಪಂಚಾಯಿತಿಗೆ ಬಂದು ಸಾಕ್ಷಿ ಹೇಳುವ ಹಾಗಿಲ್ಲವಲ್ಲ.

ಈಗಿನ ಕಾರಿನ ಮುಂದಿನ ಸೀಟಿನ ಸಂಗತಿ ಬೇರೆ. 2019ರ ಜುಲೈಯಿಂದ ಡ್ರೈವರನ ಎದುರು, 2021ರ ಏಪ್ರಿಲಿನಿಂದ ಹೊಸ ಮಾದರಿಗಳಲ್ಲಿ ಪಕ್ಕದವರ ಎದುರಿಗೂ ಏರ್‌ಬ್ಯಾಗ್ ಕಡ್ಡಾಯವಾಯಿತು. ಮೆತ್ತಗಿನ ದಿಂಬೊಂದು ಬಂದು ಮುಖ ಕಾಯುತ್ತದೆ ಎಂದು ನಮ್ಮ ಜನ ತಿಳಿದಿದ್ದಾರೆ. ಅದು ಮೆತ್ತಗೆ ಬರುವುದಿಲ್ಲ. ಕಣ್ಣು ಮಿಟುಕಿಸುವುದರೊಳಗೆ, ಗಂಟೆಗೆ ಇನ್ನೂರು ಕಿ.ಮೀ. ಮೀರಿದ ವೇಗದಲ್ಲಿ ಹೊರಗೆ ಸಿಡಿಯುತ್ತದೆ. ಬೆಲ್ಟು ಕಟ್ಟಿಕೊಂಡು ಹಿಂದಕ್ಕೆ ಒರಗಿ ಕೂತ ದೊಡ್ಡವರ ಎದೆಗೆಂದು ಲೆಕ್ಕ ಹಾಕಿ ಇಟ್ಟ ವಸ್ತು ಅದು. ಮಗುವಿಗೆ ಆ ಎತ್ತರದಲ್ಲಿ ಇರುವುದು ಮುಖ ಮತ್ತು ಕುತ್ತಿಗೆ. ಸಾಲದ್ದಕ್ಕೆ ಮುಂದೆ ಕೂತ ಯಾವ ಮಗುವೂ ಒರಗಿ ಕೂಡುವುದಿಲ್ಲ. ರಸ್ತೆ ನೋಡಲು ಸೀಟಿನ ಅಂಚಿಗೆ ಜಾರಿ, ಎರಡೂ ಕೈ ಡ್ಯಾಶ್‌ಬೋರ್ಡಿನ ಮೇಲೆ ಊರಿರುತ್ತದೆ. ತೊಂಬತ್ತರ ದಶಕದಲ್ಲಿ ಅಮೆರಿಕದಲ್ಲಿ, ಬದುಕಿ ಉಳಿಯಬಹುದಾಗಿದ್ದ ಸಣ್ಣ ಡಿಕ್ಕಿಗಳಲ್ಲೂ ಮಕ್ಕಳು ಏರ್‌ಬ್ಯಾಗಿನ ಹೊಡೆತಕ್ಕೇ ಸತ್ತರು. ಆ ಮೇಲೆ ಅಲ್ಲಿ ಬ್ಯಾಗಿನ ರಭಸ ತಗ್ಗಿಸಿದರು, ಹದಿಮೂರಾಗುವವರೆಗೆ ಮಕ್ಕಳು ಹಿಂದೆಯೇ ಇರಲಿ ಎಂದು ಮಕ್ಕಳ ವೈದ್ಯರು ಹೇಳತೊಡಗಿದರು. ನಮ್ಮಲ್ಲಿಗೆ ಏರ್‌ಬ್ಯಾಗು ತಡವಾಗಿ ಬಂತು, ಆ ಸುದ್ದಿಗಳೂ ತಡವಾಗಿ ಬಂದವು. 2024ರ ಸೆಪ್ಟೆಂಬರಿನಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಮುಂದಿನ ಸೀಟಿನಲ್ಲಿ ತಾಯಿಯ ತೊಡೆಯ ಮೇಲಿದ್ದ ಎರಡು ವರ್ಷದ ಕೂಸು, ಅದೇ ಡಿಸೆಂಬರಿನಲ್ಲಿ ನವಿ ಮುಂಬೈಯ ವಾಶಿಯಲ್ಲಿ ಅಪ್ಪನ ಪಕ್ಕ ಕೂತಿದ್ದ ಆರು ವರ್ಷದ ಹುಡುಗ. ಎರಡೂ ಕಡೆ ಕಾರಿನಲ್ಲಿದ್ದ ಉಳಿದವರು ಸಣ್ಣಪುಟ್ಟ ಗಾಯಗಳಿಂದ ಪಾರಾದರು.

ಇದನ್ನೆಲ್ಲ ನಾನು ಹೇಳಿದಾಗ ಭಾವನ ಉತ್ತರ ಸಿದ್ಧವಿತ್ತು. “ಅವು ಎಳೇ ಕೂಸು. ಇಕಿ ಆರನೇತ್ತೆ ಓದಾಕಿ.” ಮಾತು ನ್ಯಾಯವಾದದ್ದೇ. ಎರಡು ವರ್ಷದ ಮಗುವನ್ನು ಮುಂದೆ ಕೂಡಿಸಬಾರದು ಎಂದು ಹೇಳಲು ನನ್ನಂಥವನು ಬೇಕಿಲ್ಲ. ತಗಾದೆ ಇರುವುದು ಈ ನಡುವಿನವರದು, ಕೂಸೂ ಅಲ್ಲದ ದೊಡ್ಡವರೂ ಆಗದ ಹತ್ತರಿಂದ ಹದಿಮೂರರವರದು. ಇವರ ಬಗ್ಗೆ ದೇಶಕ್ಕೊಂದು ಕಟ್ಟಳೆ. ಅಮೆರಿಕದವರು ವಯಸ್ಸು ಎಣಿಸುತ್ತಾರೆ. ಜರ್ಮನಿಯವರು ಹನ್ನೆರಡು ತುಂಬದ, 150 ಸೆಂ.ಮೀ. ಮುಟ್ಟದ ಮಕ್ಕಳಿಗೆ ಪ್ರತ್ಯೇಕ ಸೀಟು ಬೇಕು ಎನ್ನುತ್ತಾರೆ, ಆ ಸೀಟಿದ್ದರೆ ಮುಂದೆ ಕೂಡಲೂ ಅಡ್ಡಿಯಿಲ್ಲ. ಬ್ರಿಟನ್ನಿನವರ ಎತ್ತರದ ಗೆರೆ 135 ಸೆಂ.ಮೀ. ನಮ್ಮ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 194ಬಿ ಕಲಮು ಹದಿನಾಲ್ಕು ತುಂಬದ ಮಗುವನ್ನು ಬೆಲ್ಟಿನಿಂದಲೋ ಮಕ್ಕಳ ಸೀಟಿನಿಂದಲೋ ಭದ್ರಪಡಿಸದಿದ್ದರೆ ಸಾವಿರ ರೂಪಾಯಿ ದಂಡ ಎನ್ನುತ್ತದೆ. ಮುಂದೋ ಹಿಂದೋ ಎಂದು ಅದು ಕೇಳುವುದಿಲ್ಲ. ಕೇರಳದ ಸಾರಿಗೆ ಇಲಾಖೆ 2024ರ ಅಕ್ಟೋಬರಿನಲ್ಲಿ ಮಕ್ಕಳ ಸೀಟು ಕಡ್ಡಾಯ ಮಾಡುತ್ತೇವೆಂದು ಹೊರಟಿತು. ಜನ ಗಲಾಟೆ ಎಬ್ಬಿಸಿದ ಕೂಡಲೇ ಮಂತ್ರಿಗಳು ಈಗಲೇ ದಂಡ ಇಲ್ಲ ಎಂದು ಸಮಾಧಾನ ಮಾಡಿದರು.

ಕಟ್ಟಳೆಗಳು ಹೀಗೆ ಹರಿದಾಡುವಾಗ ಹುಡುಗಿಯನ್ನೇ ಅಳೆದು ನೋಡುವುದು ಸರಿ ಎನಿಸಿತು. ಹಳಿಯಾಳದ ಮನೆಯ ಅಂಗಳದಲ್ಲಿ, ನಿಂತ ಕಾರಿನ ಮುಂದಿನ ಸೀಟಿನಲ್ಲಿ ಅವಳನ್ನು ಕೂಡಿಸಿ ಬೆಲ್ಟು ಕಟ್ಟಿದೆವು. ವೋಲ್ವೋದ ಇಂಜಿನಿಯರ್ ನಿಲ್ಸ್ ಬೋಲಿನ್ 1959ರಲ್ಲಿ ರೂಪಿಸಿದ ಈ ಮೂರು ಕಡೆ ಹಿಡಿಯುವ ಪಟ್ಟಿ ದೊಡ್ಡವರ ಎಲುಬುಗಳನ್ನು ನಂಬಿಕೊಂಡ ಪಟ್ಟಿ. ಕೆಳಗಿನದು ಸೊಂಟದ ಎಲುಬಿನ ಮೇಲೆ, ತೊಡೆಗೆ ತಾಗಿ ಕೂಡಬೇಕು. ಮೇಲಿನದು ಹೆಗಲಿನ ನಡುವಿನಿಂದ ಎದೆಯ ಮೇಲೆ ಹಾಯಬೇಕು. ಬೆನ್ನು ಸೀಟಿಗೆ ಪೂರ್ತಿ ಒರಗಿದಾಗ ಮೊಣಕಾಲು ಸೀಟಿನ ಅಂಚಿನಲ್ಲಿ ಮಡಚಬೇಕು. ನಮ್ಮ ಹುಡುಗಿ ಒರಗಿ ಕೂತರೆ ಅವಳ ಮೊಣಕಾಲು ಅಂಚು ಮುಟ್ಟಲಿಲ್ಲ. ಪಾದ ಊರಲೆಂದು ಸೊಂಟವನ್ನು ಮುಂದಕ್ಕೆ ಜಾರಿಸಿದಳು. ಜಾರಿದ ಕೂಡಲೇ ಕೆಳಗಿನ ಪಟ್ಟಿ ಸೊಂಟ ಬಿಟ್ಟು ಹೊಟ್ಟೆಗೆ ಏರಿತು. ಮೇಲಿನ ಪಟ್ಟಿ ಕುತ್ತಿಗೆಗೆ ಉಜ್ಜಿತು. ಕೈ ತಾನಾಗಿ ಹೋಗಿ ಅದನ್ನು ಕಂಕುಳ ಕೆಳಗೆ ತೂರಿಸಿತು. ಈಗ ಆ ಪಟ್ಟಿ ಹಿಡಿದುಕೊಂಡದ್ದು ಕೆಳಗಿನ ಮೆತ್ತನೆಯ ಪಕ್ಕೆಲುಬುಗಳನ್ನು. ಅವುಗಳ ಹಿಂದೆಯೇ ಯಕೃತ್ತು, ಗುಲ್ಮ. ಬೆಲ್ಟು ಹಾಕಿದೆ ಎಂದು ಹೊರಗಿನಿಂದ ಕಾಣುತ್ತದೆ, ಪೊಲೀಸರಿಗೂ ಕಾಣುತ್ತದೆ. ಭಾವ ಟೇಪು ತಂದು ಅಳೆದರು. ಬೆಲ್ಟು ಸರಿಯಾಗಿ ಕೂಡುವುದು ಸಾಮಾನ್ಯವಾಗಿ 145ರಿಂದ 150 ಸೆಂ.ಮೀ. ಎತ್ತರವಾದ ಮೇಲೆ. ಅವಳಿಗೆ ನಾಲ್ಕು ಬೆರಳು ಕಡಿಮೆ ಬಿತ್ತು.

“ಕೆಳಗ ಇಡೋ ಎತ್ತರದ ಸೀಟು ಸಿಗತೈತಿ, ತರೋಣೇನು?” ಎಂದೆ.

“ನಾ ಏನ್ ಎಳೇ ಕೂಸೇನು?” ಎಂದು ಮುಖ ತಿರುಗಿಸಿದಳು.

ಇಷ್ಟಕ್ಕೇ ಹಿಂದೆ ಕೂಡು ಎಂದು ಕಳಿಸಿಬಿಟ್ಟಿದ್ದರೆ ಅದು ಬರೀ ದೊಡ್ಡವರ ಸೊಕ್ಕು. ಹಿಂದೆ ಏನಿದೆ ಎಂಬುದನ್ನೂ ನೋಡಬೇಕಲ್ಲ? ನಮ್ಮ ಕಡೆ ಹೊಸ ಕಾರು ತಂದ ವಾರದಲ್ಲೇ ಸೀಟ್ ಕವರ್ ಹಾಕಿಸುವುದು ಪೂಜೆಯಷ್ಟೇ ಮುಖ್ಯವಾದ ಕಾರ್ಯ. ಅಂಗಡಿಯ ಹುಡುಗ ರೆಕ್ಸಿನ್ನನ್ನು ಎಳೆದು ಬಿಗಿಯಾಗಿ ಕೂಡಿಸುವಾಗ ಹಿಂದಿನ ಬೆಲ್ಟಿನ ಬಕಲುಗಳನ್ನು ಕೆಳಗೆ ಹುಗಿದುಬಿಡುತ್ತಾನೆ. ಮಾಲೀಕರೂ ಸೀಟು ಸಾಪಾಗಿ ಕಾಣುತ್ತದೆ ಎಂದು ಸಂತೋಷಪಡುತ್ತಾರೆ. ಭಾವನ ಕಾರಿನ ಹಿಂದಿನ ಸೀಟಿನ ಸಂದಿಗೆ ನಾನು ಬೆರಳು ಹಾಕಿದಾಗ ಮೊದಲು ಬಂದದ್ದು ಶೇಂಗಾ ಸಿಪ್ಪೆ, ಆಮೇಲೆ ಒಂದು ಹೇರ್‌ಪಿನ್ನು, ಬಳಿಕ ಕಲ್ಲಾಗಿ ಹೋದ ಚಿಕ್ಕಿಯ ತುಂಡು. ಬಕಲು ಸಿಗಲಿಲ್ಲ. ಕವರಿನ ಹೊಲಿಗೆ ಬಿಚ್ಚಿದ ಮೇಲೆ ಒಂದು ಮೂಲೆಯಲ್ಲಿ ಅದರ ಕೆಂಪು ಗುಂಡಿ ಕಂಡಿತು, ಕಂಪನಿಯ ಪ್ಲಾಸ್ಟಿಕ್ ಚೀಲ ಇನ್ನೂ ಅದರ ಮೇಲೇ ಇತ್ತು.

ಮುಂದಿನದು ವಾಸಿಯೇ ಎಂದರೆ, ಕೀಂ ಕೀಂ ಎನ್ನುವ ಸದ್ದು ಅಡಗಿಸಲು ಬಕಲಿಗೆ ಬೆಲ್ಟಿಲ್ಲದ ಬರೀ ನಾಲಿಗೆ ಸಿಕ್ಕಿಸುವ ಜನರಿದ್ದಾರೆ. ಅದನ್ನು ಮಾರಬೇಡಿ ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ಮೇ ತಿಂಗಳಿನಲ್ಲಿ ಐದು ಆನ್‌ಲೈನ್ ಮಳಿಗೆಗಳಿಗೆ ಆದೇಶ ಕೊಡಬೇಕಾಯಿತು. ಅದಕ್ಕೂ ಹಿಂದಿನ ವರ್ಷದ ಸೆಪ್ಟೆಂಬರ್ 4ರಂದು ಪಾಲ್ಘರ್ ಹತ್ತಿರ ಸೂರ್ಯಾ ನದಿಯ ಸೇತುವೆಯ ಮೇಲೆ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡದ್ದು ಬೆಲೆಬಾಳುವ ಕಾರಿನ ಹಿಂದಿನ ಸೀಟಿನಲ್ಲಿ, ಬೆಲ್ಟಿಲ್ಲದೆ. ಅವರ ಜೊತೆ ಹಿಂದೆ ಕೂತಿದ್ದವರೂ ಉಳಿಯಲಿಲ್ಲ; ಮುಂದಿದ್ದ ಇಬ್ಬರು ಗಾಯಗೊಂಡರೂ ಬದುಕಿದರು. ಆ ಅಕ್ಟೋಬರಿನಲ್ಲಿ ಕರ್ನಾಟಕ ಪೊಲೀಸರೂ ಹಿಂದಿನವರು ಬೆಲ್ಟು ಹಾಕಬೇಕು, ಇಲ್ಲದಿದ್ದರೆ ಸಾವಿರ ದಂಡ ಎಂದರು. ಕೆಲವು ದಿನ ಬಿಸಿ ಇತ್ತು. ಸೀಟ್ ಕವರುಗಳೇನೂ ಬಿಚ್ಚಲಿಲ್ಲ.

ಆದ್ದರಿಂದ ಮಗು ಮುಂದೋ ಹಿಂದೋ ಎಂಬ ಜಗಳ ನಮ್ಮಲ್ಲಿ ಆರಂಭವಾಗಬೇಕಾದದ್ದೇ ಹಿಂದಿನ ಬಕಲನ್ನು ಅಗೆದು ತೆಗೆದ ಮೇಲೆ. ಹಳಿಯಾಳ–ದಾಂಡೇಲಿ ರಸ್ತೆ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಬ್ಬು ನುರಿಸುವ ಹಂಗಾಮಿನಲ್ಲಿ ಹಳಿಯಾಳದ ಸಕ್ಕರೆ ಕಾರ್ಖಾನೆಗೆ ಹೊರಟ ಟ್ರ್ಯಾಕ್ಟರು, ಅದರ ಹಿಂದೆ ಎರಡು ಟ್ರಾಲಿ, ಕಬ್ಬಿನ ಗರಿ ಜೋತುಬಿದ್ದು ಹಿಂದಿನ ದೀಪವಿದ್ದರೂ ಕಾಣದು. ತಿರುವಿನಾಚೆ ಕಾಗದ ಕಾರ್ಖಾನೆಯ ಲಾರಿ. ಕಾಡು ಶುರುವಾದ ಮೇಲೆ ಮಂಗ, ಜಿಂಕೆ, ಮತ್ತು ಮಂಗಕ್ಕೆ ಬಾಳೆಹಣ್ಣು ಕೊಡಲು ನಡುರಸ್ತೆಯಲ್ಲೇ ನಿಂತ ಪ್ರವಾಸಿಗರು. ಬ್ರೇಕು ಒತ್ತುವ ಪ್ರಸಂಗ ಹೇಳಿ ಕೇಳಿ ಬರುವುದಿಲ್ಲ. ಗಂಟೆಗೆ ಐವತ್ತು ಕಿ.ಮೀ. ವೇಗದಲ್ಲಿ ಗುದ್ದಿದರೆ ಅದು ಸುಮಾರು ಹತ್ತು ಮೀಟರ್ ಎತ್ತರದಿಂದ ಬಿದ್ದದ್ದಕ್ಕೆ ಸಮ. ಆಗ ಬೆಲ್ಟಿಲ್ಲದ ಹಿಂದಿನವರು ಹಿಂದೆ ಇರುವುದಿಲ್ಲ, ಮುಂದಿನ ಸೀಟಿನ ಬೆನ್ನಿಗೆ ಬಂದು ಅಪ್ಪಳಿಸುತ್ತಾರೆ. ಮುಂದೆ ಮೊಮ್ಮಗಳು ಕಟ್ಟಿಕೊಂಡು ಕೂತಿದ್ದು ಅವಳ ಬೆನ್ನ ಹಿಂದೆ ಅವ್ವ ಕಟ್ಟಿಕೊಳ್ಳದೆ ಕೂತಿದ್ದರೆ, ಮೊಮ್ಮಗಳಿಗೆ ದೊಡ್ಡ ಗಂಡಾಂತರ ಅವ್ವನೇ. ಇದನ್ನು ಹೇಳಿದ್ದಕ್ಕೆ ಅವ್ವ ಎರಡು ದಿನ ಸರಿಯಾಗಿ ಮಾತಾಡಲಿಲ್ಲ.

ಇನ್ನು ವಾಂತಿಯ ಹಕ್ಕುದಾರ. ಅವನದು ನಿಜವಾದ ಕಷ್ಟ. ಕಿವಿಯೊಳಗಿನ ತೂಕದ ಅಂಗ ತಿರುವನ್ನು ಗುರುತಿಸುತ್ತದೆ, ಕಣ್ಣು ಎದುರಿನ ಸೀಟಿನ ಬೆನ್ನನ್ನೇ ನೋಡುತ್ತ ಏನೂ ಅಲುಗುತ್ತಿಲ್ಲ ಎನ್ನುತ್ತದೆ, ಇಬ್ಬರ ವಾದದಲ್ಲಿ ಹೊಟ್ಟೆ ತೊಳಸುತ್ತದೆ. ಎರಡರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಇದು ಹೆಚ್ಚು. ಮುಂದೆ ಕೂತರೆ ರಸ್ತೆ ಕಾಣುವುದರಿಂದ ಆರಾಮ ಎನಿಸುವುದೂ ಸುಳ್ಳಲ್ಲ. ಆದರೆ ಅವನ ಅರ್ಧ ವಾಂತಿ ಮೊಬೈಲಿನದು, ಇನ್ನರ್ಧ ಹೊರಡುವ ಮುಂಚೆ ಭಾವ ಪ್ರೀತಿಯಿಂದ ತಿನ್ನಿಸುವ ಮಿರ್ಚಿ ಗಿರ್ಮಿಟ್ಟಿನದು. ಮೊಬೈಲು ಕಸಿದು, ಕಿಡಕಿ ಇಳಿಸಿ, ಕೈಗೆ ಒಂದು ಲಿಂಬೆಹಣ್ಣು ಕೊಟ್ಟರೆ ಏಳು ವರ್ಷದವನನ್ನು ಏರ್‌ಬ್ಯಾಗಿನ ಎದುರು ಕೂಡಿಸುವ ಅಗತ್ಯ ಬೀಳದು. ಆದರೂ ಕಕ್ಕಿದರೆ ಕಕ್ಕಲಿ. ಸೀಟ್ ಕವರ್ ಇರುವುದು ಮತ್ತೆ ಯಾತಕ್ಕೆ?

ಹುಡುಗಿಯ ಮಟ್ಟಿಗೆ ನನ್ನ ತೀರ್ಪು ಇಷ್ಟು: ಬೆಲ್ಟು ಎಲುಬಿನ ಮೇಲೆ ಕೂಡುವಷ್ಟು ಬೆಳೆದ ದಿನ ಬರಲಿ, ಸೀಟನ್ನು ಎಷ್ಟು ಸಾಧ್ಯವೋ ಅಷ್ಟು ಹಿಂದಕ್ಕೆ ಸರಿಸಿ ಕೂಡಲಿ, ಕಾಲು ಡ್ಯಾಶ್‌ಬೋರ್ಡಿನ ಮೇಲೆ ಏರಿಸದಿರಲಿ. ಹುಟ್ಟುಹಬ್ಬದ ಉಡುಗೊರೆಯಾಗಿಯೂ ಪರೀಕ್ಷೆಯಲ್ಲಿ ಮೊದಲ ನಂಬರು ಬಂದದ್ದಕ್ಕೆ ಬಕ್ಷೀಸಾಗಿಯೂ ಆ ಸೀಟು ಬೇಡ.

ಇಷ್ಟು ಇತ್ಯರ್ಥವಾಗುವಾಗ ಹೊಸ ತೊಡಕು ಎದುರಾಯಿತು. ಎಲ್ಲರಿಗೂ ಒಂದೊಂದು ಬೆಲ್ಟು ಎಂದ ಮೇಲೆ ಐದು ಬೆಲ್ಟಿನ ಕಾರಿಗೆ ನಾವು ಆರು ಜನ. ಇಷ್ಟು ದಿನ ಸಣ್ಣವನು ಯಾರದಾದರೂ ತೊಡೆಯ ಮೇಲಿರುತ್ತಿದ್ದ; ಡಿಕ್ಕಿಯ ಗಳಿಗೆಯಲ್ಲಿ ಯಾವ ತಾಯಿಯ ಕೈಗೂ ಆ ಭಾರ ಹಿಡಿಯಲಾಗದು ಎಂದು ಈಗಷ್ಟೇ ನಾನೇ ಭಾಷಣ ಮಾಡಿದ್ದೆ. ಎಲ್ಲರೂ ನನ್ನ ಮುಖ ನೋಡಿದರು.

“ನಾ ಬಸ್ಸಿಗೆ ಬರ್ತೀನಿ,” ಎಂದಳು ಅವ್ವ. “ಆಧಾರ್ ಕಾರ್ಡ್ ಐತಿ, ರೊಕ್ಕಾ ಇಲ್ಲ, ಕುತ್ತಿಗಿಗೆ ಪಟ್ಟಿ ಇಲ್ಲ.” 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ಅವಳಿಗೆ ಖಾಸಗಿ ಕಾರುಗಳ ಮೇಲೆ ಗೌರವ ಕಡಿಮೆಯಾಗಿದೆ.

“ನಾನೂ ಆಯಿ ಜೋಡಿ ಬಸ್ಸಿಗೆ,” ಎಂದು ಹುಡುಗಿ ಕಾರಿನಿಂದ ಇಳಿದೇಬಿಟ್ಟಳು. ಇಬ್ಬರನ್ನು ಕರೆದುಕೊಂಡು ಬರುವ ಹೊಣೆ ನನಗೆ ಬಿತ್ತು. ಹಳಿಯಾಳದಿಂದ ದಾಂಡೇಲಿಯವರೆಗೆ ಆಯಿ ಮೊಮ್ಮಗಳು ಎಲ್ಲರಿಗಿಂತ ಮುಂದಿನ ಸೀಟಿನಲ್ಲಿ ರಸ್ತೆ ನೋಡುತ್ತ ಕೂತರು; ಮೂವರಲ್ಲಿ ಟಿಕೇಟಿಗೆ ರೊಕ್ಕ ಕೊಟ್ಟವನು ನಾನೊಬ್ಬ. ದಾಂಡೇಲಿಯಲ್ಲಿ ಇಳಿದು ಮೌಳಂಗಿಗೆ ರಿಕ್ಷಾ ಹಿಡಿದಾಗ ರಿಕ್ಷಾದವನು ತನ್ನ ಸೀಟಿನಲ್ಲಿ ಇಷ್ಟು ಸರಿದು, “ಬಾರವಾ, ಇಲ್ಲೇ ಮುಂದ ಕುಂದ್ರು,” ಎಂದ. ನಾನು ಬೇಡವೆಂದು ಅವಳ ಕೈ ಹಿಡಿದು ಹಿಂದಕ್ಕೆ ಕರೆದೆ. ಅವಳು ಹತ್ತಿ ಕೂತು, ಎಡಕ್ಕೂ ಬಲಕ್ಕೂ ಸೀಟಿನ ಸಂದಿಗೆ ಬೆರಳು ಹಾಕಿ ನೋಡಿ, “ಮಾಮಾ, ಇದರ ಬೆಲ್ಟ್ ಎಲ್ಲೈತಿ?” ಎಂದಳು.